ಮುಂದಿನ ಗಾಲಿಯ ಶಾಫ್ಟು

ಗ್ರೀಸಿನ ವಾಸನೆ ಬಂತೆಂದರೆ ನನಗೆ ಅವ್ವನ ತಲೆಗೂದಲು ನೆನಪಾಗುತ್ತದೆ. ಇದೇನು ಹುಚ್ಚು ಮಾತು ಅನ್ನಬೇಡಿ. ನಮ್ಮದು ಹಿಟ್ಟಿನ ಗಿರಣಿಯ ಮನೆ. ಮುಂದೆ ಗಿರಣಿ, ಹಿಂದೆ ನಾವು ಮೂವರು. ಅವ್ವ ದಿನವಿಡೀ ಊರವರ ಜೋಳದ ಡಬ್ಬಿಗಳನ್ನು ಗಿರಣಿಯ ಬಾಯಿಗೆ ಸುರಿಯುತ್ತಿದ್ದಳು. ಅಪ್ಪ ಬೆಲ್ಟು, ಬೇರಿಂಗು, ಎಂಜಿನ್ನು ಎನ್ನುತ್ತ ಮೊಣಕೈವರೆಗೆ ಗ್ರೀಸಿನಲ್ಲಿರುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅವ್ವನ ತಲೆಯೆಲ್ಲ ಬೆಳ್ಳಗಾಗುತ್ತಿತ್ತು. ಅಪ್ಪ "ಏನಬೇ, ಮುದುಕಿ ಆಗಿಬಿಟ್ಟೆಲ್ಲ" ಎಂದು ಹಿಟ್ಟು ಝಾಡಿಸಲು ಹೋಗಿ ಕರಿ ಬೆರಳ ಗುರುತು ಮೂಡಿಸಿ ಬೈಸಿಕೊಳ್ಳುತ್ತಿದ್ದ. ಹಾಗಾಗಿ ಅವಳ ಕೂದಲಿಗೆ ಹಿಟ್ಟು, ಕೊಬ್ಬರಿ ಎಣ್ಣೆ, ಗ್ರೀಸು ಮೂರೂ ಬೆರೆತ ವಾಸನೆ ಇತ್ತು. ಈಗ ನಾನು ರಾಯಚೂರಿನಲ್ಲಿ ಶಾಲೆಯ ಟೀಚರು. ನಮ್ಮ ಓಣಿಯ ತುದಿಗೆ ಒಂದು ಗ್ಯಾರೇಜಿದೆ. ಅದರ ಮುಂದೆ ಹಾಯುವಾಗ ಸೆರಗು ಮೂಗಿಗೆ ಹಿಡಿದುಕೊಳ್ಳುತ್ತೇನೆ. "ಟೀಚರಮ್ಮಗ ಗ್ರೀಸ್ ಆಗಿಬರಂಗಿಲ್ಲ" ಎಂದು ಗ್ಯಾರೇಜಿನವರು ನಗುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು.

ನಮ್ಮೂರು ದೇವದುರ್ಗದಿಂದ ಎಂಟು ಮೈಲಿ. ಸುತ್ತ ಎರೆಭೂಮಿ, ಊರ ಹೊರಗೆ ಒಂದು ಹಳ್ಳ, ಹಳ್ಳದಾಚೆ ಎರಡು ಮೈಲಿ ಮಣ್ಣಿನ ದಾರಿ ಸವೆಸಿದರೆ ಡಾಂಬರು ರಸ್ತೆ. ಬೇಸಿಗೆಯಲ್ಲಿ ಆ ಹಳ್ಳದ ಉಸುಕಿನಲ್ಲಿ ಕುರಿಗಳು ಮಲಗಿರುತ್ತಿದ್ದವು. ಮಳೆ ಬಿತ್ತೆಂದರೆ ಬಸ್ಸು ಡಾಂಬರು ಬಿಟ್ಟು ಇಳಿಯುತ್ತಲೇ ಇರಲಿಲ್ಲ. ನಾನು ಚಿಕ್ಕವಳಿದ್ದಾಗ ಒಂದು ಶ್ರಾವಣದಲ್ಲಿ ಜ್ವರ ತಲೆಗೇರಿ, ಅಪ್ಪ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಸೊಂಟದುದ್ದ ನೀರಿನಲ್ಲಿ ಹಳ್ಳ ದಾಟಿದ್ದನಂತೆ. ಮುಂದೆ ನಾಲ್ಕು ವರ್ಷ ಆ ಸಿಟ್ಟು ಅವನ ಹೊಟ್ಟೆಯಲ್ಲೇ ಇತ್ತು. ಒಂದು ಚಳಿಗಾಲ ಸಿಕಂದರಾಬಾದಿಗೆ ಹೋಗಿ, ಮಿಲಿಟರಿಯವರು ಬೇಡವೆಂದು ಹರಾಜಿಗಿಟ್ಟ ಒಂದು ಜೀಪನ್ನು ಲಾರಿಯ ಮೇಲೆ ಹೇರಿಕೊಂಡು ರಾಯಚೂರಿಗೆ ಬಂದಿಳಿದ. ನೋಡಲು ನನ್ನನ್ನೂ ಅವ್ವನನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದ. ಹಸಿರು ಬಣ್ಣ ಪಾಚಿಗಟ್ಟಿತ್ತು, ಸೀಟಿನ ಹೊಟ್ಟೆಯಿಂದ ತೆಂಗಿನ ನಾರು ಹೊರಬಂದಿತ್ತು, ಮುಂದಿನ ಒಂದು ಗಾಲಿಗೆ ಟೈರೇ ಇರಲಿಲ್ಲ. ಅವ್ವ ಸುತ್ತು ಹಾಕಿ ನೋಡಿ, "ಯಾವ ಯುದ್ಧಕ್ಕ ಹೊಂಟೀರಿ?" ಎಂದಳು. "ಹಳ್ಳದ ಮ್ಯಾಲೆ" ಎಂದ ಅಪ್ಪ.

ರಿಪೇರಿಗೆ ಸಿಕ್ಕವನು ರಾಯಚೂರಿನ ಖಾದರ್ ಮೇಸ್ತ್ರಿ. ತೆಳ್ಳನೆ ಮನುಷ್ಯ, ಕಿವಿಯ ಹಿಂದೆ ಬೀಡಿ ಸಿಕ್ಕಿಸಿಕೊಂಡಿರುತ್ತಿದ್ದ, ಸೇದಿದ್ದನ್ನು ನಾನು ಕಂಡಿಲ್ಲ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಭಾನುವಾರ ಗಿರಣಿಗೆ ಬೀಗ ಹಾಕಿ ಅಪ್ಪ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೊರಟುಬಿಡುತ್ತಿದ್ದ. ಆ ಭಾನುವಾರಗಳಷ್ಟು ಖುಷಿಯಾಗಿದ್ದ ಅಪ್ಪನನ್ನು ನಾನು ಮತ್ತೆಂದೂ ನೋಡಲಿಲ್ಲ. ಸೈನ್ಯದ ಹಸಿರನ್ನು ನಮ್ಮಂಥವರು ಇಟ್ಟುಕೊಳ್ಳುವ ಹಾಗಿಲ್ಲವೆಂದು ಇಬ್ಬರೂ ಕೂತು ಉಸುಕಿನ ಕಾಗದದಲ್ಲಿ ತಿಕ್ಕಿ ತಿಕ್ಕಿ ತೆಗೆದು ಆಕಾಶದ ಬಣ್ಣ ಬಳಿದರು. ಎಣ್ಣೆ ಕುಡಿಯುವ ಪೆಟ್ರೋಲ್ ಎಂಜಿನ್ ಇಳಿಸಿ ಡೀಜೆಲ್ ಎಂಜಿನ್ ಕೂರಿಸಿದರು. ಮಿಲಿಟರಿ ಗಾಡಿಗೆ ಎರಡು ಬ್ಯಾಟರಿ. ಅದರ ವೈರನ್ನೆಲ್ಲ ಕಿತ್ತು ಒಂದೇ ಬ್ಯಾಟರಿಗೆ ಹೊಂದಿಸುವಷ್ಟರಲ್ಲಿ ಮೂರು ಭಾನುವಾರ ಹೋದವು. ಹಾರ್ನು ಒತ್ತಿದರೆ ವೈಪರ್ ತಿರುಗುತ್ತಿತ್ತು. ಖಾದರ್ ಕಾಕಾ ಹಣೆ ಬಡಿದುಕೊಂಡ, ಅಪ್ಪ ಗ್ಯಾರೇಜಿನ ನೆಲದ ಮೇಲೆ ಬಿದ್ದು ಬಿದ್ದು ನಕ್ಕ. ಅವ್ವ ಮನೆಯಲ್ಲಿ ಹಳೇ ಸೀರೆಗಳಿಗೆ ಹತ್ತಿ ತುಂಬಿ ಮೂರು ಮೆತ್ತೆ ಹೊಲಿದು ಕಳಿಸಿದಳು.

ಡ್ರೈವರ್ ಸೀಟಿನ ಪಕ್ಕದಲ್ಲಿ ದೊಡ್ಡ ಗೇರಿನ ಜೊತೆಗೆ ಇನ್ನೊಂದು ಚಿಕ್ಕ ಗೇರು ಇತ್ತು. ಅದರ ತಲೆಯ ಮೇಲೆ ಕೆಂಪು ಗುಂಡು. ಅದನ್ನು ಎಳೆದರೆ ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೂ ಹೋಗುತ್ತದೆ, ನಡುವೆ ಒಂದು ಕಬ್ಬಿಣದ ಶಾಫ್ಟು ಅದನ್ನು ಮುಟ್ಟಿಸುತ್ತದೆ ಎಂದು ಅಪ್ಪ ನೆಲದ ಮೇಲೆ ಇದ್ದಿಲಿನಲ್ಲಿ ಬರೆದು ತೋರಿಸಿದ್ದ. ಹೋಳಿ ಮುಗಿದು ಜೀಪು ಊರಿಗೆ ಬಂತು. ಅದೇ ವಾರ ಹೊತ್ತಲ್ಲದ ಹೊತ್ತಿನಲ್ಲಿ ದೊಡ್ಡ ಮಳೆ ಬಿತ್ತು. ಅಪ್ಪ ಊರ ಮಂದಿಯನ್ನೆಲ್ಲ ಹಳ್ಳದ ದಂಡೆಗೆ ಕರೆದ. ಅವ್ವ ಗಾಲಿಗೆ ನಿಂಬೆಹಣ್ಣಿಟ್ಟು, ಕುಂಕುಮ ಹಚ್ಚಿ, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಳು. ಅಪ್ಪ ಕೆಂಪು ಗುಂಡಿನ ಗೇರು ಎಳೆದ. ಜೀಪು ಕೆಸರಿನಲ್ಲಿ ಇಳಿಯಿತು, ಗುರುಗುಟ್ಟಿತು, ಹತ್ತಿ ಆಚೆ ದಂಡೆಯಲ್ಲಿ ನಿಂತಿತು. "ನಾಕೂ ಗಾಲಿ ಎಳೀತಾವಲೇ! ಇನ್ನ ಹಳ್ಳ ಏನ್ ಮಾಡ್ತದ?" ಎಂದು ಕೂಗಿದ. ಅವ್ವ ಚಪ್ಪಾಳೆ ಹೊಡೆದಳು. ಅವಳು ಚಪ್ಪಾಳೆ ಹೊಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇಷ್ಟಕ್ಕೇ ನಿಲ್ಲಿಸಿಬಿಡೋಣ ಅನಿಸುತ್ತದೆ. ಆದರೆ ಹೇಳಬೇಕಾದ್ದು ಇನ್ನು ಮುಂದಿದೆ.

ಡಾಂಬರು ರಸ್ತೆಯಲ್ಲಿ ಜೋರಾಗಿ ಹೊರಟರೆ ಜೀಪಿನ ಕೆಳಗಿನಿಂದ ಗುಂಯ್ ಎಂದು ಒಂದು ಸದ್ದು ಏಳುತ್ತಿತ್ತು. ಕಿವಿಯಲ್ಲಿ ಹೊಕ್ಕು ಹಲ್ಲಿನ ಬುಡಕ್ಕೆ ಮುಟ್ಟುತ್ತಿತ್ತು. ಮುಂದಿನ ಶಾಫ್ಟಿನ ಕ್ರಾಸು, ಅಂದರೆ ಅದರ ತುದಿಯ ಕೀಲು, ಸವೆದಿತ್ತು. ಬೇಸಿಗೆ ರಜೆಯಲ್ಲಿ ಮಾನವಿಗೆ, ಅವ್ವನ ಅಣ್ಣನ ಮನೆಗೆ ಹೋದೆವು. ಆ ಸದ್ದಿಗೆ ನನ್ನ ಹೊಟ್ಟೆ ತೊಳಸಿ, ಸೋದರಮಾವನ ಅಂಗಳದಲ್ಲಿ ಇಳಿದವಳೇ ಹೊಸ ಲಂಗದ ಮೇಲೆ ವಾಂತಿ ಮಾಡಿಕೊಂಡೆ. ಮಾವನ ಮಕ್ಕಳು "ವಾಂತಿ ಅಂಬಿ, ವಾಂತಿ ಅಂಬಿ" ಎಂದು ಮೂರು ದಿನ ನನ್ನ ಹಿಂದೆ ಬಿದ್ದರು. ಒಂಬತ್ತು ವರ್ಷದ ಅಂಬಮ್ಮನಿಗೆ ಅದಕ್ಕಿಂತ ದೊಡ್ಡ ಅವಮಾನ ಲೋಕದಲ್ಲಿ ಇರಲಿಲ್ಲ. ವಾಪಸು ಬರುವಾಗ ಅವ್ವ ಇನ್ನೆರಡು ದಿನ ತವರಿನಲ್ಲಿ ಉಳಿದಳು. ಅಪ್ಪ ನನ್ನನ್ನು ಕರೆದುಕೊಂಡು ರಾಯಚೂರಿನ ಗ್ಯಾರೇಜಿಗೆ ಹೋದ. ಅಲ್ಲಿ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. "ಆ ಸದ್ದು ಬಂದ್ ಆಗೋತನ ನಾ ಗಾಡಿ ಹತ್ತಂಗಿಲ್ಲ" ಎಂದೆ.

ಖಾದರ್ ಕಾಕಾ, "ಹೊಸ ಕ್ರಾಸು ಹೈದರಾಬಾದಿಂದ ಬರಬೇಕ್ರಿ, ದಿನ ಹಿಡೀತದ. ಅಲ್ಲಿತನ ಶಾಫ್ಟು ಬಿಚ್ಚಿದ್ರ ಸದ್ದು ಇರಂಗಿಲ್ಲ. ಡೀಜೆಲ್ಲೂ ಉಳೀತದ, ಎಲ್ಲಾರೂ ಬಿಚ್ಚಸ್ತಾರ" ಎಂದ. ಅಪ್ಪ, "ಡೀಜೆಲ್ ಸುಟ್ಟು ಹೋಗಲಿ, ಅದನ್ನ ಬಿಚ್ಚಿದ್ರ ಈ ಗಾಡಿ ಯಾಕ ಬೇಕಿತ್ತು?" ಎಂದು ರೇಗಿದ. ಆಮೇಲೆ ನನ್ನ ಕಡೆ ನೋಡಿದ. ನಾನು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಅಳುತ್ತ ಕೂತಿದ್ದೆ. ಅರ್ಧ ಅಳು ನಿಜ, ಅರ್ಧ ನಾಟಕ. ಇಷ್ಟು ವರ್ಷ ಕಳೆದ ಮೇಲೆ ಸುಳ್ಳು ಯಾಕೆ ಹೇಳಲಿ. ಅಪ್ಪ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಆತು ನನ್ನವ್ವಾ, ಬಿಚ್ಚಸ್ತೀನಿ. ಆಮ್ಯಾಲೆ ಸದ್ದಿಲ್ಲದಂಗ ರಿಪೇರಿ ಮಾಡಿಸಿ ಹಾಕ್ಸಿದ್ರ ಹತ್ತೀಯಿಲ್ಲೋ?" ಎಂದು ಕೇಳಿದ. ನಾನು ಮುಖ ತಿರುಗಿಸಿಕೊಂಡೆ, ಉತ್ತರ ಕೊಡಲಿಲ್ಲ. ಶಾಫ್ಟನ್ನು ಬಿಚ್ಚಿ ಜೀಪಿನ ಹಿಂದುಗಡೆ ಹಾಕಿದರು. ಕೆಂಪು ಗುಂಡಿನ ಗೇರು ಇದ್ದಲ್ಲೇ ಇತ್ತು. ಎಳೆದರೆ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು, ಗಾಲಿಗೂ ಅದಕ್ಕೂ ಸಂಬಂಧವಿರಲಿಲ್ಲ. ಮಳೆಗಾಲದೊಳಗೆ ಹಾಕಿಸಿದರಾಯಿತು ಎಂದ ಅಪ್ಪ. ಹೈದರಾಬಾದಿನ ಕ್ರಾಸು ಬರಲಿಲ್ಲ, ಮಳೆ ಬಂತು.

ಆವತ್ತು ಬೆಳಿಗ್ಗೆ ಅವ್ವ ಸ್ನಾನದ ಒಲೆಗೆಂದು ಹಿತ್ತಲಿನ ಹತ್ತಿಕಟ್ಟಿಗೆಯ ಬಣವೆಗೆ ಕೈ ಹಾಕಿದಳು. ಒಳಗೆ ನಾಗರಹಾವಿತ್ತು. ಅವಳು ಚೀರಲಿಲ್ಲ. ಗಿರಣಿಗೆ ಬಂದು ಬಲಗೈಯನ್ನು ಅಪ್ಪನ ಮುಂದೆ ಚಾಚಿದಳು, ಅಷ್ಟೇ. ಅಪ್ಪ ಅವಳನ್ನು ಎತ್ತಿ ಜೀಪಿನಲ್ಲಿ ಹಾಕಿದ, ನಾನು ಹತ್ತಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಹಳ್ಳದಲ್ಲಿ ನೀರು ಹೆಚ್ಚಿರಲಿಲ್ಲ, ಮೊಣಕಾಲುದ್ದ. ನೀರು ದಾಟಿತು ಜೀಪು. ಆಚೆ ದಂಡೆಯ ಎರೆಮಣ್ಣಿನಲ್ಲಿ ಹಿಂದಿನ ಗಾಲಿ ಎರಡೂ ಹೂತವು. ಅವು ತಿರುಗಿದಷ್ಟೂ ಇಳಿದವು. ಮುಂದಿನ ಗಾಲಿಗಳು ಗಟ್ಟಿ ನೆಲದ ಮೇಲಿದ್ದವು, ಸುಮ್ಮನೆ ನಿಂತಿದ್ದವು. ಅಪ್ಪನ ಕೈ ಕೆಂಪು ಗುಂಡಿನ ಮೇಲೆ ಹೋಯಿತು, ಎಳೆಯಿತು. ಏನೂ ಆಗಲಿಲ್ಲ. ಅವನು ತಿರುಗಿ ಒಂದು ಸಲ ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ ಅದರಲ್ಲಿ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಹೊತ್ತುಕೊಂಡೇ ಹೋಗಬಹುದಿತ್ತಲ್ಲ ಎಂದು ಈಗ ಸಾವಿರ ಸಲ ಅನಿಸುತ್ತದೆ. ಹೊತ್ತರೂ ಡಾಂಬರಿಗೆ ಎರಡು ಮೈಲಿ, ಆ ಹೊತ್ತಿಗೆ ಅಲ್ಲಿ ಬಸ್ಸಿಲ್ಲ. ಅಪ್ಪನಿಗೆ ಇನ್ನೊಂದು ಸಲ ಒತ್ತಿದರೆ ಹತ್ತೀತು, ಇನ್ನೊಂದು ಸಲ ಒತ್ತಿದರೆ ಹತ್ತೀತು ಎಂಬ ಆಸೆ. ಅವ್ವನ ಮೆತ್ತೆಗಳನ್ನು ಗಾಲಿಯ ಕೆಳಗೆ ಹಾಕಿದ. ಅವೂ ಕೆಸರಾದವು. ಹೊಲದಲ್ಲಿದ್ದವರು ಓಡಿಬಂದು ನೂಕಿದರು, ಕೊನೆಗೆ ಯಾರೋ ಎತ್ತು ತಂದು ಕಟ್ಟಿದರು. ಅಷ್ಟರಲ್ಲಿ ಅವ್ವನ ರೆಪ್ಪೆಗಳು ಇಳಿಬಿದ್ದಿದ್ದವು, ಮಾತು ಮೂಗಿನಿಂದ ಬರುತ್ತಿತ್ತು. "ಅಂಬೀ, ಗಿರಣಿ ಬಂದ್ ಮಾಡಿ ಬಂದಾನೇನು ನಿಮ್ಮಪ್ಪ? ನೋಡು, ಬೆಲ್ಟು ಸುಡ್ತದ" ಎಂದಳು. "ಮಾಡ್ಯಾನ ಯವ್ವಾ" ಎಂದೆ. ಗಿರಣಿ ಬಂದ್ ಮಾಡಿರಲಿಲ್ಲ. ಎತ್ತುಗಳು ಜೀಪನ್ನು ಎಳೆದು ಮೇಲೆ ತಂದವು, ಅಪ್ಪ ಹುಚ್ಚನಂತೆ ಓಡಿಸಿದ. ಡಾಂಬರಿನ ಮೇಲೆ ಆವತ್ತು ಆ ಗುಂಯ್ ಸದ್ದಿರಲಿಲ್ಲ. ಅಷ್ಟು ನಿಶ್ಶಬ್ದವಾಗಿತ್ತೆಂದರೆ ಅವಳ ಉಸಿರು ನಿಂತದ್ದು ನನಗೆ ಗೊತ್ತಾಯಿತು. ದೇವದುರ್ಗದ ಮೊದಲ ಮನೆಗಳು ಕಾಣುತ್ತಿದ್ದವು.

ಮಣ್ಣು ಮಾಡಲು ಮಾನವಿಯಿಂದ ಸೋದರಮಾವ ಬಂದ. ಅಷ್ಟರೊಳಗೆ ಊರವರು ಯಾರೋ ಅವನ ಕಿವಿಗೆ ಹಾಕಿದ್ದರು. ಎಲ್ಲರೆದುರಿಗೆ ಅಪ್ಪನ ಅಂಗಿ ಹಿಡಿದು, "ನಾಕು ಹನಿ ಡೀಜೆಲ್ಲಿನ ಆಸೆಗೆ ನನ್ನ ತಂಗೀನ ಕೊಂದೆಲ್ಲೋ! ಶಾಫ್ಟು ಯಾಕ ಬಿಚ್ಚಿಸಿದಿ? ಹೇಳು, ಯಾಕ ಬಿಚ್ಚಿಸಿದಿ?" ಎಂದು ಅಳುತ್ತ ಅಲುಗಾಡಿಸಿದ. ನಾನು ಕಂಬದ ಮರೆಯಲ್ಲಿದ್ದೆ. ಅಪ್ಪ ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ. "ಹೌದ್ರಿ. ಡೀಜೆಲ್ ಉಳಿಸಾಕ ಬಿಚ್ಚಿಸಿದ್ನಿ. ನಂದೇ ತಪ್ಪು" ಎಂದ. ನನ್ನ ನಾಲಿಗೆ ಬಾಯಲ್ಲೇ ಇತ್ತು. ಒಂದು ಮಾತು ಸಾಕಿತ್ತು. ಆಡಲಿಲ್ಲ.

ಇಂಥವನ ಕೈಯಲ್ಲಿ ಹೆಣ್ಣುಮಗಳನ್ನು ಬಿಡುವುದಿಲ್ಲ ಎಂದು ಮಾವ ನನ್ನನ್ನು ಮಾನವಿಗೆ ಕರೆದೊಯ್ದ. ಅಪ್ಪ ತಡೆಯಲಿಲ್ಲ. ಅಲ್ಲಿ ನನಗೆ ಊಟಕ್ಕೆ, ಓದಿಗೆ ಏನೂ ಕಡಿಮೆ ಮಾಡಲಿಲ್ಲ, ಆ ಮಾತು ಹೇಳಲೇಬೇಕು. ಅಪ್ಪ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಶಾಲೆಯ ಗೇಟಿನಲ್ಲಿ ನಿಲ್ಲುತ್ತಿದ್ದ. ಮಾವನ ಮನೆಗೆ ಬರುವ ಹಾಗಿರಲಿಲ್ಲ. ಹಿಟ್ಟು ಮೆತ್ತಿದ ಚೀಲದಲ್ಲಿ ಶೇಂಗಾ ಉಂಡಿ ತಂದಿರುತ್ತಿದ್ದ. "ಹೆಂಗದೀ ನನ್ನವ್ವಾ?" ಎಂದರೆ "ಚಲೋ ಅದೀನಿ" ಎನ್ನುತ್ತಿದ್ದೆ. ನಮ್ಮಿಬ್ಬರ ನಡುವೆ ಉಳಿದದ್ದು ಅಷ್ಟೇ ಮಾತು. ಊರಲ್ಲಿ ಅವನಿಗೆ ಡೀಜೆಲ್ ಅನ್ನುವ ಅಡ್ಡಹೆಸರೇ ಬಿದ್ದುಹೋಯಿತು. ಡೀಜೆಲ್ ಬಂದ, ಡೀಜೆಲ್ ಹೋದ. ಅದಕ್ಕೂ ಅವನು ಓಗೊಡುತ್ತಿದ್ದನಂತೆ. ಮಾವನಿಗೆ ನಿಜ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ನಾನು ಹತ್ತನೇ ಇಯತ್ತೆ ಮುಗಿಸಿದೆ, ನೌಕರಿ ಹಿಡಿದೆ. ಹೇಳುವಷ್ಟರಲ್ಲಿ ಮಾವ ಸತ್ತ. ಅಪ್ಪನನ್ನು ಕೇಳಬೇಕು, ಕ್ಷಮಿಸು ಅನ್ನಬೇಕು ಎಂದುಕೊಳ್ಳುತ್ತಲೇ ಹೋದ ವರ್ಷ ಅಪ್ಪನೂ ಸತ್ತ. ಎಂಥ ಹೇಡಿ ನಾನು. ಮಕ್ಕಳಿಗೆ ನಿಜ ಹೇಳಿ ಎಂದು ಬೋರ್ಡಿನ ಮೇಲೆ ಬರೆಸುವ ಟೀಚರು!

ಅಪ್ಪ ಹೋದ ಮೇಲೆ ಗಿರಣಿ ಬಿಚ್ಚುವಾಗ ಅದರ ಕಟ್ಟೆಯ ಕೆಳಗೆ ಒಂದು ಉದ್ದನೆಯ ಗಂಟು ಸಿಕ್ಕಿತು. ಗೋಣಿಚೀಲ ಬಿಚ್ಚಿದರೆ ಆ ಶಾಫ್ಟು. ಒಂದು ಚೂರು ತುಕ್ಕಿಲ್ಲ, ಮೈತುಂಬ ಹೊಸ ಗ್ರೀಸು. ಆಟೋದಲ್ಲಿ ಹಾಕಿಕೊಂಡು ರಾಯಚೂರಿಗೆ ತಂದು ಖಾದರ್ ಕಾಕಾನಿಗೆ ತೋರಿಸಿದೆ. ಈಗ ಅವನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬೆರಳಿನಿಂದ ಕೀಲುಗಳನ್ನು ತಡವಿ ನೋಡಿದ. "ಗಾಡಿ ಗುಜರಿಗೆ ಕೊಟ್ಟ ಮ್ಯಾಲೆ ನಿಮ್ಮಪ್ಪ ಇದನ್ನ ಹಿಡ್ಕೊಂಡು ಬಂದಿದ್ದ ಬೇಟಿ. ಹೊಸ ಕ್ರಾಸು ಹಾಕು, ಸದ್ದಿಲ್ಲದಂಗ ಮಾಡು ಅಂದ. ಗಾಡಿನ ಇಲ್ಲಲ್ರೀ ಯಜಮಾನ್ರ, ಯಾಕ ಅಂದ್ನಿ. ಮಗಳಿಗೆ ಮಾತು ಕೊಟ್ಟೀನಿ ಅಂದ. ನಿನ್ನ ಹೆಸರು ಎಲ್ಲೂ ಎತ್ತಬ್ಯಾಡ ಅಂತ ನನ್ನ ಕಡೆ ಆಣಿ ಮಾಡಿಸ್ಕೊಂಡ" ಎಂದ.

ಮನೆಗೆ ತಂದು ಅಡುಗೆಮನೆಯ ನೆಲದ ಮೇಲೆ ಇಟ್ಟುಕೊಂಡು ಕೂತೆ. ಒಂದು ತುದಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದು ಇನ್ನೊಂದು ತುದಿಯ ಕೀಲನ್ನು ತಿರುಗಿಸಿದೆ. ಬೆರಳಿನಿಂದ ದೂಡಿದಷ್ಟಕ್ಕೇ ತಿರುಗಿತು. ಬಗ್ಗಿ, ಕಿವಿ ಹಚ್ಚಿ, ಮತ್ತೆ ತಿರುಗಿಸಿದೆ. ಗುಂಯ್ ಅನ್ನಲಿಲ್ಲ, ಕಿರ್ ಅನ್ನಲಿಲ್ಲ. ಕೆನ್ನೆಗೆ, ಕೂದಲಿಗೆ ಗ್ರೀಸು ಮೆತ್ತಿಕೊಂಡಿತು. ಒರೆಸಿಕೊಳ್ಳಲಿಲ್ಲ.

"ಹತ್ತೀನಿ ಯಪ್ಪಾ" ಎಂದೆ.