ಪತ್ತೆ ಅತ್ತೆ ಮತ್ತು ನನ್ನ ಬೂದು ಸ್ವೆಟರ್

ನಮ್ಮತ್ತೆಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕೆಂದರೆ ಮುಂದೆ ಬೇಕಾಗುತ್ತೆ. ಮೂವತ್ತೊಂದು ವರ್ಷ ಲಾಂಡ್ರಿಯಲ್ಲಿ ಬಟ್ಟೆಗಳ ನಡುವೆಯೇ ಬದುಕಿದ ಹೆಂಗಸು, ಗುಂಡಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಂಡು ಹೊರಟುಬಿಡ್ತಾರೆ. "ಗುಂಡಿ ಹಾಕೋಕೆ ಅಲ್ಲಿ ಬೇರೆಯವರಿದ್ದರು ಕಣೇ, ನನ್ನ ಕೆಲಸ ಜೇಬು ನೋಡೋದು" ಅಂತ ಅದಕ್ಕೊಂದು ಸಮಜಾಯಿಷಿ ಬೇರೆ.

ಜೇಬು ನೋಡೋದು ಅಂದರೆ ಹುಡುಗಾಟ ಅಂದ್ಕೋಬೇಡಿ. ಒಗೆಯೋಕೆ ಬಂದ ಪ್ರತಿ ಕೋಟು, ಪ್ಯಾಂಟಿನ ಜೇಬಿಗೂ ಕೈ ಹಾಕಬೇಕು. ಸಿಕ್ಕಿದ್ದನ್ನ ಬಿಚ್ಚದೆ, ಓದದೆ ಒಂದು ಲಕೋಟೆಗೆ ಹಾಕಿ, ಆ ಬಟ್ಟೆಗೇ ಪಿನ್ನು ಮಾಡಬೇಕು. ಬೀಗದ ಕೈ, ಕನ್ನಡಕ, ಪ್ರೇಮಪತ್ರ, ಒಂದು ಸಲ ಹಲ್ಲಿನ ಸೆಟ್ಟು. ಗಂಡನ ಕೋಟು ತಂದ ಹೆಂಡತಿಯರು "ಜೇಬಲ್ಲಿ ಏನಾದರೂ ಇತ್ತಾ?" ಅಂತ ಮೆಲ್ಲಗೆ ಪೂಸಿ ಹೊಡೀತಿದ್ದರಂತೆ. ಅತ್ತೆ ಜಪ್ಪಯ್ಯ ಅಂದರೂ ಬಾಯಿ ಬಿಡ್ತಿರಲಿಲ್ಲ. "ಜೇಬಲ್ಲಿರೋದು ಕೋಟಿನವರದ್ದು, ಕೋಟು ತಂದವರದ್ದಲ್ಲ." ಅಷ್ಟೇ ಉತ್ತರ.

ಪತ್ತೇದಾರಿಕೆ ಶುರುವಾಗಿದ್ದು ಕೆಲಸ ಬಿಟ್ಟ ಮೇಲೆ, ಅರವತ್ತೊಂದನೇ ವಯಸ್ಸಿಗೆ. ಎದುರು ಮನೆ ಸಂಗೀತದ ಟೀಚರ್ ತಂದೆ, ಮರೆವಿನ ಮುದುಕರು, ಒಂದು ಬೆಳಿಗ್ಗೆ ಹೋದವರು ವಾಪಸ್ ಬರಲಿಲ್ಲ. ಬೀದಿಯವರೆಲ್ಲ ಆಸ್ಪತ್ರೆ, ಸ್ಟೇಷನ್ನು ಅಂತ ಓಡಾಡ್ತಿದ್ದರೆ, ಅತ್ತೆ ಹೋಗಿ "ಅವರದ್ದು ಒಗೆಯದ ಪ್ಯಾಂಟು ಇದ್ದರೆ ಕೊಡಮ್ಮ" ಅಂದರು. ಟೀಚರಿಗೆ ಅಳುವಿನ ನಡುವೆಯೂ ಕೋಪ ಬಂತಂತೆ. ಪ್ಯಾಂಟಿನ ಕೆಳಮಡಿಕೆ ಕೊಡವಿದರೆ ಸಣ್ಣ ಮರದ ಪುಡಿ ಉದುರಿತು. ಬಡಗಿ ಅಂಗಡಿಗಳನ್ನ ಹುಡುಕುತ್ತಾ ಹೋದರೆ, ಮೂರನೆಯದರಲ್ಲಿ ಆ ಮುದುಕರು ಕುರ್ಚಿಯ ಕಾಲಿಗೆ ಉಜ್ಜುಕಾಗದ ತೀಡುತ್ತಾ ಆರಾಮಾಗಿ ಕೂತಿದ್ದರು. ಅವತ್ತಿಂದ ನಮ್ಮತ್ತೆ ಬೀದಿಗೆಲ್ಲ ಪತ್ತೆ ಅತ್ತೆ.

ಬಾಗಿಲಿಗೆ ಒಂದು ಬೋರ್ಡು ಬಂತು: "ಕಳೆದುಹೋದವರನ್ನು ಹುಡುಕಿಕೊಡಲಾಗುವುದು. ಮಾಸಿದ ಬಟ್ಟೆ ತನ್ನಿ." ಬಸ್ಸು ಓಡಿಸೋ ನನ್ನ ಗಂಡ ತಲೆ ಚಚ್ಚಿಕೊಂಡ. "ಅಮ್ಮಾ, ಇದನ್ನ ಓದಿದವರು ನಾವಿನ್ನೂ ಬಟ್ಟೆ ಒಗೀತೀವಿ ಅಂದ್ಕೊಳ್ತಾರೆ!" ಹಾಗೇ ಆಯಿತು. ಇಬ್ಬರು ಹೊದಿಕೆ ತಂದುಕೊಟ್ಟು ಹೋದರು. ಒಗೆದದ್ದು ಯಾರು ಅಂತ ಕೇಳಬೇಡಿ, ನನ್ನ ಮೈ ಉರಿಯುತ್ತೆ.

ಆದರೆ ಲಾಂಡ್ರಿಯ ನಿಯಮವನ್ನ ಈ ಕೆಲಸಕ್ಕೂ ತಂದಿಟ್ಟರು. ಕಳೆದುಹೋದವರು ಸಿಕ್ಕಿದರೆ ಮೊದಲು ಅವರನ್ನೇ ಕೇಳೋದು, ಹೇಳಲಾ ಬೇಡವಾ ಅಂತ. ಅವರು ಹ್ಞೂಂ ಅಂದರೆ ವಿಳಾಸ. ಊಹೂಂ ಅಂದರೆ "ಇದ್ದಾರೆ, ಚೆನ್ನಾಗಿದ್ದಾರೆ", ಮುಗೀತು. ಹಾರ್ಡ್‌ವೇರ್ ಅಂಗಡಿಯವನು ತಂಗಿಯನ್ನ ಹುಡುಕಿಸಿ, ವಿಳಾಸ ಕೊಡಲಿಲ್ಲ ಅಂತ ನಮ್ಮ ಬಾಗಿಲಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದ. ಅತ್ತೆ ಪೊರಕೆ ತಗೊಂಡು ಅವನ ಕಾಲ ಸುತ್ತ ಗುಡಿಸುತ್ತಾ ಹೋದರು, ಅವನು ಹಿಂದೆ ಹಿಂದೆ ಸರಿದು ಬೀದಿಗೆ ಇಳಿದ. ನಾನು ಒಳಗೆ ನಿಂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅದೇ ನಿಯಮ ನನ್ನ ಬುಡಕ್ಕೇ ಬರುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?

ನನಗೆ ಆರು ವರ್ಷ ಆಗಿದ್ದಾಗ ನಮ್ಮಮ್ಮ ಮನೆ ಬಿಟ್ಟು ಹೋದಳು. ಯಾಕೆ, ಎಲ್ಲಿಗೆ ಅಂತ ಅಪ್ಪ ಸಾಯೋವರೆಗೂ ತುಟಿಪಿಟಕ್ ಅನ್ನಲಿಲ್ಲ. ಉಳಿದದ್ದು ಅವಳದೊಂದು ಕೋಟು. ಮದುವೆಯಾಗಿ ಒಂಬತ್ತು ವರ್ಷ ನಾನು ಆ ಕೋಟಿನ ಸುದ್ದಿ ಎತ್ತಲಿಲ್ಲ. ಬದುಕಿದ್ದಾಳಾ ಇಲ್ಲವಾ, ಅಷ್ಟು ಗೊತ್ತಾದರೆ ಸಾಕು ಅನ್ನಿಸಿ, ಒಂದು ಭಾನುವಾರ ಅದನ್ನ ತಂದು ಅತ್ತೆಯ ಮಡಿಲಿಗೆ ಹಾಕಿದೆ.

ಅತ್ತೆ ಒಂದು ಮಧ್ಯಾಹ್ನ ಪೂರ್ತಿ ಅದನ್ನ ತಿರುವಿ ಹಾಕಿದರು. ಕಾಲರಿನ ಒಳಗಡೆ ಯಾರೋ ಹೊಲಿಗೆ ಹಾಕಿದ್ದರು. ಆ ದಾರವನ್ನ ಉಗುರಲ್ಲಿ ಕೆರೆದು ಮೂಸಿದರು.

"ಮೇಣದ ದಾರ. ಬಟ್ಟೆ ಹೊಲಿಯೋದಲ್ಲ ಇದು, ಪುಸ್ತಕ ಹೊಲಿಯೋದು. ನಿಮ್ಮಮ್ಮ ಬೈಂಡಿಂಗ್ ಕೆಲಸದವರು ಕಣೇ."

ಮೂವತ್ನಾಲ್ಕು ವರ್ಷ ಬೇಕಾಯಿತು ನನಗೆ, ನಮ್ಮಮ್ಮನ ಕೆಲಸ ಏನು ಅಂತ ಗೊತ್ತಾಗೋಕೆ.

ನಾಲ್ಕು ತಿಂಗಳು ಅತ್ತೆ ಬೈಂಡಿಂಗ್ ಅಂಗಡಿಗಳನ್ನ ಸುತ್ತಿದರು. ಒಂದು ಗುರುವಾರ ಬಂದವರು ಶೂ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತರು. ಹೊರಗಿಂದ ಬಂದರೆ ಮೊದಲು ಶೂ ಬಿಚ್ಚಿ ಬೆರಳು ಒತ್ತಿಕೊಳ್ಳೋ ಹೆಂಗಸು.

"ಇದ್ದಾರೆ. ಆರೋಗ್ಯವಾಗಿದ್ದಾರೆ. ಈಗಲೂ ಅದೇ ಕೆಲಸ."

"ಎಲ್ಲಿ?"

ಅತ್ತೆ ಶೂ ಲೇಸು ಬಿಚ್ಚೋಕೆ ಬಗ್ಗಿದರು.

"ಬೇಡ ಅಂದಳಾ?"

"ಅಂದರು."

"ಯಾಕಂತೆ?"

"ಅದು ಅವರ ಜೇಬಿನದ್ದು ಕಣೇ."

ನನಗೆ ಎಲ್ಲಿತ್ತೋ ಸಿಟ್ಟು! "ನಾನು ನಿಮ್ಮ ಸೊಸೆ ಅತ್ತೆ! ಹಾರ್ಡ್‌ವೇರ್ ಅಂಗಡಿಯವನಲ್ಲ! ನನಗೂ ಅದೇ ಮಾತಾ?" ಅಂತ ಕೂಗಾಡಿಬಿಟ್ಟೆ. "ಗೊತ್ತು" ಅಂದರು, ಅಷ್ಟೇ. ಹನ್ನೊಂದು ದಿನ ಅವರ ಹತ್ತಿರ ಮಾತಾಡಲಿಲ್ಲ ನಾನು. ಒಂದೇ ಒಲೆಯ ಮುಂದೆ ನಿಂತು, ಟೀ ಲೋಟ ಅವರ ಮುಂದೆ ಕುಕ್ಕಿ ಹೋಗ್ತಿದ್ದೆ. ಒಂದು ದಿನ ನಾನೇ ಬೈಂಡಿಂಗ್ ಅಂಗಡಿ ಹುಡುಕೋಣ ಅಂತ ಬಸ್ಸು ಹತ್ತಿದೆ. ಎರಡು ಸ್ಟಾಪು ಆದ ಮೇಲೆ ಇಳಿದು ನಡೆದು ವಾಪಸ್ ಬಂದೆ. ಅತ್ತೆಯ ಬಾಯಲ್ಲಿ ಕೇಳಿದ "ಬೇಡ" ಅನ್ನೋದನ್ನ ಅವಳ ಬಾಯಲ್ಲೇ ಕೇಳೋ ಧೈರ್ಯ ನನಗಿರಲಿಲ್ಲ.

ಅದಾದ ಮೇಲೆ ಅತ್ತೆಗೆ ಇನ್ನೊಂದು ಚಾಳಿ ಅಂಟಿಕೊಂಡಿತು. ಪ್ರತಿ ತಿಂಗಳ ಮೊದಲ ಗುರುವಾರ ನನ್ನ ಬೂದು ಸ್ವೆಟರ್ ಹಾಕಿಕೊಂಡು ಹೊರಗೆ ಹೋಗೋದು. "ನಂದು ಒದ್ದೆ ಇದೆ ಕಣೇ." ಅವರದ್ದು ಹಗ್ಗದ ಮೇಲೆ ಒಣಗಿ ಕೊರಡಾಗಿರ್ತಿತ್ತು! ನನ್ನ ಸ್ವೆಟರ್ ಅವರಿಗೆ ಮೊಣಕಾಲಿಗೆ ಬರುತ್ತೆ, ತೋಳೊಳಗೆ ಬೆರಳೂ ಕಾಣಲ್ಲ. ಬಿಸಿಲು ಸುಡೋ ದಿನವೂ ಬಿಡಲಿಲ್ಲ. "ವಯಸ್ಸಾಯ್ತಲ್ಲ, ಚಳಿ" ಅಂತಾರೆ, ಹಣೆಯಲ್ಲಿ ಬೆವರು. ವಾದ ಮಾಡೋಕೂ ಮನಸ್ಸಿಲ್ಲದೆ ಸುಮ್ಮನಾದೆ. ಸಂಜೆಗೆ ಮಡಿಚಿ ನನ್ನ ಮಂಚದ ಮೇಲೆ ಇಟ್ಟಿರ್ತಿದ್ದರು.

ಏಳು ತಿಂಗಳು ಹೀಗೇ ನಡೀತು. ನನ್ನ ಕೆಲಸ ಬಸ್ ಸ್ಟ್ಯಾಂಡಿನ ಟಿಕೆಟ್ ಕೌಂಟರಿನಲ್ಲಿ. ಒಂದು ಬೆಳಿಗ್ಗೆ ಅಲ್ಲಿ ಕೂತು ಅಭ್ಯಾಸದಂತೆ ಸ್ವೆಟರಿನ ಎರಡನೇ ಗುಂಡಿ ತಿರುಗಿಸೋಕೆ ಹೋದೆ. ವರ್ಷದಿಂದ ಒಂದೇ ಎಳೆಯಲ್ಲಿ ನೇತಾಡ್ತಿದ್ದ ಗುಂಡಿ ಅದು. ತಿರುಗಲಿಲ್ಲ, ಗಟ್ಟಿಯಾಗಿ ಕೂತಿತ್ತು. ನನ್ನ ಗಂಡ ಹಾಕಿದನಾ? ಅವನಿಗೆ ತನ್ನ ಕಾಲುಚೀಲವೇ ಸಿಗಲ್ಲ. ಅತ್ತೆಯಂತೂ ಸಾಧ್ಯವೇ ಇಲ್ಲ. ಒಳಗಡೆ ತಿರುಗಿಸಿ ನೋಡಿದೆ. ದಪ್ಪ ದಾರ. ಉಗುರಲ್ಲಿ ಕೆರೆದೆ, ಮೂಸಿದೆ.

ಮೇಣ.

ಸಾಲಿನಲ್ಲಿದ್ದವರು "ಅಮ್ಮಾ, ಟಿಕೆಟ್! ನಿದ್ದೆ ಬಂತಾ?" ಅಂತ ಕೂಗ್ತಿದ್ದಾರೆ. ನಾನು ಸ್ವೆಟರ್ ಬಿಚ್ಚಿ ಕೌಂಟರಿನ ಮೇಲೆ ಹರಡಿದೆ. ಮೊಣಕೈ ಸವೆದಲ್ಲಿ ಸಣ್ಣ ಹೊಲಿಗೆಯ ಜಾಲ. ಜೇಬಿನ ಅಂಚು ಹೊಸದಾಗಿ ಕೂಡಿಸಿದ್ದು. ಏಳು ತಿಂಗಳು, ಏಳು ಕಡೆ. ನನ್ನ ಸ್ವೆಟರನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು ನಮ್ಮಮ್ಮ, ತಿಂಗಳಿಗೊಂದು ಸಲ. ಅತ್ತೆ ಬಾಯಿ ಬಿಟ್ಟು ಒಂದು ಮಾತೂ ಹೇಳಿರಲಿಲ್ಲ, ನಿಯಮ ಮುರಿದಿರಲಿಲ್ಲ. ಜನರೆದುರೇ ಅತ್ತುಬಿಟ್ಟೆ ನಾನು.

ಮನೆಗೆ ಬಂದು ಏನೂ ಕೇಳಲಿಲ್ಲ. ಕೇಳಿದರೆ ಅತ್ತೆ ಇಕ್ಕಟ್ಟಿಗೆ ಸಿಕ್ಕಿಕೊಳ್ಳೋರು. ಮುಂದಿನ ಗುರುವಾರದ ಹಿಂದಿನ ದಿನ, ಸ್ವೆಟರಿನ ಮೂರನೇ ಗುಂಡಿಯನ್ನ ನಾನೇ ಕತ್ತರಿಸಿದೆ. ಆಮೇಲೆ ಚೀಟಿ ಬರೆಯೋಕೆ ಕೂತೆ. ಯಾಕೆ ಹೋದೆ ಅಂತ ಬರೆದು ಹರಿದೆ. ಅಮ್ಮಾ ಅಂತ ಬರೆದು ಹರಿದೆ. ಕೊನೆಗೆ ಇಷ್ಟು ಬರೆದೆ: "ತೋಳು ಸ್ವಲ್ಪ ಉದ್ದ ಆಗಿದೆ. ಅಳತೆ ಕೊಡೋಕೆ ನಾನೇ ಬರಲಾ?" ಗುಂಡಿ, ಚೀಟಿ ಎರಡನ್ನೂ ಜೇಬಿಗೆ ಹಾಕಿದೆ.

ಗುರುವಾರ ಅತ್ತೆ ಸ್ವೆಟರ್ ಎತ್ತಿಕೊಂಡರು. ಮೂವತ್ತೊಂದು ವರ್ಷದ ಅಭ್ಯಾಸ, ಕೈ ತಾನಾಗೇ ಜೇಬಿಗೆ ಹೋಯಿತು. ಅಲ್ಲೇ ನಿಂತುಬಿಟ್ಟರು. ನನ್ನ ಮುಖ ನೋಡಿದರು. ನಾನು ಪಾತ್ರೆ ತೊಳೀತಾ ನಿಂತೆ. ಅತ್ತೆ ಡ್ರಾಯರಿನಿಂದ ಒಂದು ಲಕೋಟೆ ತೆಗೆದು, ಜೇಬಿನಲ್ಲಿದ್ದದ್ದನ್ನ ನೋಡದೆ ಅದಕ್ಕೆ ಹಾಕಿ, ಸ್ವೆಟರಿಗೆ ಪಿನ್ನು ಮಾಡಿದರು.

"ಕೊಡಬೇಕಾದವರಿಗೆ ಕೊಡ್ತೀನಿ" ಅಂದರು. ಅವತ್ತು ಅದನ್ನ ಹಾಕಿಕೊಳ್ಳಲಿಲ್ಲ, ತೋಳ ಮೇಲೆ ಮಡಿಚಿಕೊಂಡು ಹೋದರು.

ರಜೆ ಹಾಕಿ ಬಾಗಿಲು ಕಾಯ್ತಾ ಕೂತೆ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಆಗೋದರೊಳಗೆ ಒಲೆ ಮೂರು ಸಲ ಒರೆಸಿದ್ದೆ. ಊಟದ ಹೊತ್ತು ಮೀರಿದ ಮೇಲೆ ಅತ್ತೆ ಬಂದರು. ಸ್ವೆಟರಿನ ಮೂರನೇ ಗುಂಡಿಯ ಜಾಗ ಖಾಲಿ. ಅದೇ ಲಕೋಟೆ, ಅದೇ ಪಿನ್ನು. ಒಡೆದೆ. ಒಳಗೆ ನನ್ನ ಗುಂಡಿ. ಅದನ್ನ ಸುತ್ತಿದ ಕಾಗದದಲ್ಲಿ ಒಂದು ಬೀದಿ, ಒಂದು ಮನೆ ನಂಬರು. ಅದರ ಕೆಳಗೆ, "ಬಂದಾಗ ಹಾಕಿಕೊಡ್ತೀನಿ."

ಅತ್ತೆ ಕುರ್ಚಿಯಲ್ಲಿ ಕೂತು ಶೂ ಲೇಸಿಗೆ ಕೈ ಹಾಕಿದ್ದರು. "ನಾನೇನೂ ನೋಡಿಲ್ಲ ಕಣೇ" ಅಂದರು, ಕಣ್ಣು ಮಾತ್ರ ಒದ್ದೆ.

"ಶೂ ಬಿಚ್ಚಬೇಡಿ ಅತ್ತೆ. ಏಳಿ."

"ಅಯ್ಯೋ, ಈಗಷ್ಟೇ ಬಂದೆನಲ್ಲೇ! ಬೆರಳೆಲ್ಲ ಬಾತುಕೊಂಡಿದೆ! ವಿಳಾಸ ಇದೆಯಲ್ಲ, ನೀನೊಬ್ಬಳೇ ಹೋಗು."

"ನನಗೊಬ್ಬಳಿಗೇ ಆಗಲ್ಲ" ಅಂತ ಕೈ ಚಾಚಿದೆ. ಗೊಣಗುತ್ತಲೇ ಎದ್ದರು ಪುಣ್ಯಾತ್ಗಿತ್ತಿ. ಏಳುವಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡವರು ಬಸ್ ಸ್ಟಾಪಿನವರೆಗೂ ಬಿಡಲಿಲ್ಲ. ಗುಂಡಿ ನನ್ನ ಇನ್ನೊಂದು ಮುಷ್ಟಿಯಲ್ಲಿತ್ತು.