ಗೂಡ್ಸ್ ರೈಲಿನಷ್ಟು ಉದ್ದದ ಮುತ್ತು

ನಾವಿರುವ ಈ ಪರದೇಶದ ತಮಿಳರ ಪೇಟೆ ಬ್ರಿಕ್‌ಫೀಲ್ಡ್ಸ್‌ನಲ್ಲಿ ಒಂದು ಅಂಗಡಿ ಇದೆ. ಭರತನಾಟ್ಯದ ಒಡವೆ, ಗೆಜ್ಜೆ, ಸವರಿ, ಬಣ್ಣ ಎಲ್ಲ ಅಲ್ಲಿ ಸಿಗುತ್ತದೆ. ಕಳೆದ ಶನಿವಾರ ಅಮ್ಮ ಅಲ್ಲಿ ನನ್ನ ತಂಗಿಯ ಜಡೆಗೆ ಕುಚ್ಚು ಹುಡುಕುತ್ತಾ, ಅಂಗಡಿಯಾಕೆಯ ತಮಿಳಿನ ಜೊತೆ ತನ್ನ ತಮಿಳನ್ನು ಕುಸ್ತಿಗೆ ಬಿಟ್ಟಿದ್ದಳು. ಕುಸ್ತಿ ಮುಗಿಯುವ ಲಕ್ಷಣ ಇರಲಿಲ್ಲ. ನಾನು ಸುಮ್ಮನಿರಲಾರದೆ ಒಂದು ಪೌಡರ್ ಡಬ್ಬಿಯ ಮುಚ್ಚಳ ತೆಗೆದೆ. ಹಳದಿ ಪೌಡರ್, ವೇಷದವರು ಮುಖಕ್ಕೆ ಹಚ್ಚುವಂಥದ್ದು. ಗುಲಾಬಿ, ಸೀಮೆಸುಣ್ಣ, ಸ್ವಲ್ಪ ಮುಗ್ಗಲು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹದಿನಾರರ ನಾನು ಸರ್ರನೆ ಹನ್ನೊಂದಕ್ಕೆ ಇಳಿದುಬಿಟ್ಟೆ. ನಮ್ಮ ಪುಚೊಂಗ್ ಕಾಂಡೋದ ಆರನೇ ಮಹಡಿಯ ಅಜ್ಜಿ ನೆನಪಾದರು. ಅವರ ಹಿಂದೆಯೇ, ಯಾರೂ ಕರೆಯದಿದ್ದರೂ, ಅನ್ವಿತಾ ನೆನಪಾದಳು. ಹೊಟ್ಟೆಯೊಳಗೆ ಆ ಹಳೆಯ ಉರಿ ಭಗ್ಗೆಂದು ಹತ್ತಿಕೊಂಡಿತು.

ಮೊದಲು ಅಜ್ಜಿಯ ವಿಷಯ. ಅಜ್ಜಿ ಇಂಗ್ಲಿಷರು. ಇಂಗ್ಲಿಷ್ ಮಾತಾಡುವವರು ಎಂದಲ್ಲ, ಹುಟ್ಟಾ ಇಂಗ್ಲಿಷರು, ನೀಲಿ ಕಣ್ಣು, ಬಿಸಿಲಿಗೆ ಟೊಮೆಟೊ ಆಗುವ ಮೂಗು. ವಯಸ್ಸು ತೊಂಬತ್ತರ ಹತ್ತಿರ. ಹರೆಯದಲ್ಲಿ ನರ್ಸಾಗಿ ಮೆಲಾಕಾಕ್ಕೆ ಬಂದು, ಅಲ್ಲಿ ಮಂಗಳೂರಿನ ಒಬ್ಬ ಡಾಕ್ಟರನ್ನು ಮದುವೆಯಾದವರು. ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬರುತ್ತಿತ್ತಂತೆ, ಆದರೆ ಸೊಸೆಯ ಎದುರು ಬರುತ್ತಿರಲಿಲ್ಲ. ಹಾಗಾಗಿ ಅಜ್ಜಿ ಕನ್ನಡ ಕಲಿತರು, ಅದೂ ಅಪ್ಪಟ ಮಂಗಳೂರು ಕನ್ನಡ. ನಾವು ಪುಚೊಂಗ್‌ಗೆ ಬಂದ ಹೊಸದರಲ್ಲಿ ಅಪ್ಪ ಲಿಫ್ಟಿನಲ್ಲಿ ಅವರನ್ನು ನೋಡಿ, ಈ ಬಿಳಿ ಮುದುಕಿಗೆ ಇಷ್ಟೊಂದು ಬಸಳೆ ಸೊಪ್ಪು ಯಾಕೆ ಅಂತ ಅಮ್ಮನ ಹತ್ತಿರ ಕನ್ನಡದಲ್ಲಿ ಧೈರ್ಯವಾಗಿ ಕೇಳಿದ್ದರು. "ಹುಳಿ ಮಾಡಲಿಕ್ಕೆ ಮಾರಾಯರೇ," ಎಂದು ಉತ್ತರ ಬಂದದ್ದು ಬಿಳಿ ಮುದುಕಿಯಿಂದಲೇ. ಅಪ್ಪ ಆವತ್ತು ಯಾವುದೋ ಮಹಡಿಯಲ್ಲಿ ಇಳಿದು ಓಡಿದವರು, ಇವತ್ತಿಗೂ ಲಿಫ್ಟಿನಲ್ಲಿ ಕನ್ನಡ ಮಾತಾಡುವುದಿಲ್ಲ.

ಕಾಂಡೋದ ಕನ್ನಡ ಮಕ್ಕಳೆಲ್ಲ ಸಂಜೆ ಅವರ ಮನೆಯಲ್ಲೇ ಬಿದ್ದಿರುತ್ತಿದ್ದೆವು. ಅಮ್ಮಂದಿರಿಗೆ ನಮ್ಮ ಕನ್ನಡ ಸುಧಾರಿಸಲಿ ಎಂಬ ಆಸೆ. ನಮಗೆ ಅವರ ಬಾಳೆಹಣ್ಣಿನ ಗುಳಿಯಪ್ಪದ ಆಸೆ. ಮತ್ತೆ, ಅವರ ಅಮ್ಮನ ಕಥೆಯ ಆಸೆ.

ಅಜ್ಜಿಯ ಅಮ್ಮ ಸಿನಿಮಾ ನಾಯಕಿ. ತೊಂಬತ್ತು ವರ್ಷದ ಹಿಂದಿನ ಬ್ರಿಟಿಷ್ ಸಿನಿಮಾಗಳಲ್ಲಿ. ಇದನ್ನು ನಾನು ಸ್ಕೂಲಿನಲ್ಲಿ ಹೇಳಿಕೊಂಡು ಮೆರೆದದ್ದು ಅಷ್ಟಿಷ್ಟಲ್ಲ, ಕೊನೆಕೊನೆಗೆ ಆಕೆ ನನ್ನ ಸ್ವಂತ ಮುತ್ತಜ್ಜಿಯೇ ಆಗಿದ್ದಳು. ನಾನು ಹೇಳದೇ ಬಿಟ್ಟದ್ದೆಂದರೆ ಆ ಸಿನಿಮಾಗಳು ಎಂಥವು ಎಂಬುದು. ಟಾಕೀಸಿನವರು ವರ್ಷಕ್ಕೆ ಇಂತಿಷ್ಟು ತಮ್ಮ ದೇಶದ ಸಿನಿಮಾ ತೋರಿಸಲೇಬೇಕು ಎಂದು ಆಗ ಅಲ್ಲಿ ಕಾಯಿದೆ ಇತ್ತಂತೆ. ಚೆನ್ನಾಗಿರುವುದನ್ನೇ ತೋರಿಸಬೇಕು ಎಂದು ಕಾಯಿದೆಯಲ್ಲಿ ಬರೆದಿರಲಿಲ್ಲ. ಆದ್ದರಿಂದ ಲಂಡನ್ನಿನ ಹೊರಗೆ ಶೆಡ್ಡುಗಳಲ್ಲಿ, ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ರೋಟಿ ಬಡಿದು ಎಸೆದ ಹಾಗೆ ಸಿನಿಮಾ ಬಡಿದು ಎಸೆಯುತ್ತಿದ್ದರು. ಎರಡು ವಾರದಲ್ಲಿ ಒಂದು ಚಿತ್ರ ರೆಡಿ. ಸೋಫಾ ಅದೇ. ಪರದೆ ಬದಲಾಯಿಸಿದರೆ ಬಡವನ ಮನೆ ಸಾಹುಕಾರನ ಮನೆಯಾಗುತ್ತಿತ್ತು. ನಾಯಕಿಯ ಬಟ್ಟೆ ನಾಯಕಿಯದೇ, ಮನೆಯಿಂದ ತರಬೇಕು. ಕೊಲೆಯಾದವನು ಎದ್ದು, ಮುಖ ತೊಳೆದು, ಮೀಸೆ ಅಂಟಿಸಿಕೊಂಡು, ಮುಂದಿನ ಸೀನಿನಲ್ಲಿ ಕೊಲೆಗಾರನನ್ನು ಹುಡುಕುವ ಪೊಲೀಸ್ ಆಗುತ್ತಿದ್ದ.

ಇಂಥ ಚಿತ್ರಗಳಲ್ಲಿ ಅಜ್ಜಿಯ ಅಮ್ಮ ಒಂದಾದ ಮೇಲೊಂದು ನಾಯಕಿಯಾದದ್ದು ಅಂದಕ್ಕಲ್ಲ, ಅಳುವಿಗೂ ಅಲ್ಲ. ನಿಲ್ಲುವುದಕ್ಕೆ. ಶೆಡ್ಡಿನ ಪಕ್ಕದಲ್ಲೇ ರೈಲು ಹಳಿ, ಗೋಡೆಯೋ ರೊಟ್ಟಿಯಷ್ಟು ತೆಳ್ಳಗೆ. ರೈಲು ಬಂದರೆ ಮಾತು ಕೇಳಿಸದು. ಆಗ ನಿರ್ದೇಶಕ ಬೆರಳೆತ್ತುತ್ತಿದ್ದ, ಕ್ಯಾಮೆರಾ ನಿಲ್ಲುತ್ತಿತ್ತು, ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು. ರೈಲು ಹೋದ ಮೇಲೆ ಅದೇ ಕೈ, ಅದೇ ಕಣ್ಣು, ಅರ್ಧಕ್ಕೆ ನಿಂತ ಅದೇ ಮಾತು. ಆಮೇಲೆ ಎರಡು ತುಂಡು ಅಂಟಿಸಿದರೆ ಗೊತ್ತಾಗಬಾರದು. ಗೊತ್ತಾದರೆ ಮತ್ತೆ ತೆಗೆಯಬೇಕು, ಮತ್ತೆ ತೆಗೆಯಲು ಫಿಲಂ ಯಾರಪ್ಪನ ಮನೆಯದು? ಅಷ್ಟೂ ಶೆಡ್ಡುಗಳಲ್ಲಿ ಅಜ್ಜಿಯ ಅಮ್ಮನ ಹಾಗೆ ಕಲ್ಲಾಗುವವರು ಯಾರೂ ಇರಲಿಲ್ಲವಂತೆ. ಕೆನ್ನೆಯ ಮೇಲಿನ ಕಣ್ಣೀರೂ ರೈಲು ಹೋಗುವ ತನಕ ಕಾಯುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಇದನ್ನು ಮಾತ್ರ ನಾನು ಉಬ್ಬಿಸಿಲ್ಲ, ಅವರೇ ಉಬ್ಬಿಸಿದ್ದು.

ಆ ಪದ್ಧತಿ ಮನೆಗೂ ಬಂತು, ಅಮ್ಮನಿಂದ ಮಗಳಿಗೂ ಬಂತು. ನಮ್ಮ ಕಾಂಡೋ ಇದ್ದದ್ದು ಎಲ್‌ಆರ್‌ಟಿ ಮೆಟ್ರೋ ರೈಲಿನ ಹಳಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಗುಳಿಯಪ್ಪ ಬಾಯಿಗೆ ಹೋಗುತ್ತಿರುವಾಗ ಅಜ್ಜಿಯ ಬೆರಳು ಮೇಲೇಳುತ್ತಿತ್ತು. ನಾವೆಲ್ಲ ಬಾಯಿ ತೆರೆದುಕೊಂಡು ಕಲ್ಲು. ರೈಲು ಹೋದಮೇಲೆ ಗುಳಿಯಪ್ಪ ಪ್ರಯಾಣ ಮುಂದುವರಿಸಬೇಕು. ಅಜ್ಜಿಯೂ ಅರ್ಧ ಪದದಲ್ಲಿ ಬಿಟ್ಟದ್ದನ್ನು ಇನ್ನರ್ಧದಿಂದಲೇ ಶುರು ಮಾಡುತ್ತಿದ್ದರು. ನಾನು ಈ ಆಟದಲ್ಲಿ ಕಾಂಡೋಕ್ಕೇ ಕಳಪೆ. ನಿಂತ ಕೂಡಲೇ ನನಗೆ ಇಲ್ಲದ ಜಾಗದಲ್ಲೆಲ್ಲ ತುರಿಸುತ್ತಿತ್ತು. ಆದರೂ ನಾನೇ ಅಜ್ಜಿಯ ಮೆಚ್ಚಿನವಳು, ಏಕೆಂದರೆ ನಾನೇ ಅತಿ ಹೆಚ್ಚು ನಗಿಸುವವಳು. ಚೆನ್ನಾಗಿ ನಿಂತವರಿಗೆ ಅಜ್ಜಿ ತಮ್ಮ ಅಮ್ಮನ ಪೌಡರ್ ಡಬ್ಬಿ ತೆರೆದು ವಾಸನೆ ತೋರಿಸುತ್ತಿದ್ದರು. ನಾನು ನಿಲ್ಲದೆಯೇ ಗಿಟ್ಟಿಸುತ್ತಿದ್ದೆ.

ಆಗ ಮೈಸೂರಿನಿಂದ ಅನ್ವಿತಾ ಬಂದಳು, ಒಂಬತ್ತನೇ ಮಹಡಿಗೆ. ಸೊಂಟದ ತನಕ ಜಡೆ, ಮಾತಿಗೊಮ್ಮೆ "ಹೌದಾ ಅಜ್ಜಿ", ಜೊತೆಗೆ ಬೆಣ್ಣೆಮುದ್ದೆಯಂಥ ಒಬ್ಬ ತಮ್ಮ. ಮೊದಲನೇ ದಿನವೇ ರೈಲು ಬಂತು, ಬೆರಳು ಎದ್ದಿತು. ಅನ್ವಿತಾ ನಿಂತಳು. ಅವಳ ಮೂಗಿನ ಮೇಲೆ ಸೊಳ್ಳೆ ಬಂದು ಕೂತಿತು. ಕಚ್ಚಿತು. ಊಟ ಮುಗಿಸಿ, ಕೈ ತೊಳೆದು, ಬಹುಶಃ ಇಲ್ಲಿಯವರ ಹಾಗೆ ತಪಾವ್ ಎಂದು ಮಕ್ಕಳಿಗೂ ಪಾರ್ಸೆಲ್ ಕಟ್ಟಿಸಿಕೊಂಡು ಹೋಯಿತು. ಅನ್ವಿತಾ ರೆಪ್ಪೆ ಅಲ್ಲಾಡಿಸಲಿಲ್ಲ. ಅಜ್ಜಿ ಅವಳನ್ನು ನೋಡಿದ ರೀತಿ ನೋಡಿ ನನಗೆ ನನ್ನ ಕಾಲ ಮುಗಿಯಿತು ಎಂದು ತಿಳಿಯಿತು. ನನ್ನನ್ನು ನೋಡಿ ಅವರು ನಗುತ್ತಿದ್ದರು. ಅವಳನ್ನು ನೋಡಿ ಸುಮ್ಮನಾಗಿದ್ದರು.

ಆ ವರ್ಷ ಕನ್ನಡ ಸಂಘದ ಸಂಕ್ರಾಂತಿಗೆ ಮಕ್ಕಳ ನಾಟಕ ಮಾಡಿಸುತ್ತೇನೆಂದು ಅಜ್ಜಿ ಒಪ್ಪಿಕೊಂಡರು. ವಿಷಯ, ಅವರ ಅಮ್ಮ. ಇದರಲ್ಲಿ ಕನ್ನಡ ಸಂಸ್ಕೃತಿ ಎಲ್ಲಿದೆ ಎಂದು ಸಂಘದ ಸೆಕ್ರೆಟರಿ ಅಂಕಲ್ ತಲೆ ಕೆರೆದುಕೊಂಡರಂತೆ. ಮಾತೆಲ್ಲ ಕನ್ನಡದಲ್ಲೇ ಉಂಟಲ್ಲ, ಇನ್ನೆಂತ ಬೇಕು ಎಂದು ಅಜ್ಜಿ ಕೇಳಿದ್ದಕ್ಕೆ ಅವರು ಕೆರೆಯುವುದು ನಿಲ್ಲಿಸಿದರು.

ನಾಯಕಿಯ ಪಾತ್ರ ನನಗೇ ಎಂದು ನಾನು ಆಗಲೇ ಸ್ಕೂಲಿಗೆಲ್ಲ ಸಾರಿಯಾಗಿತ್ತು. ಅಜ್ಜಿ ಅದನ್ನು ಅನ್ವಿತಾಗೆ ಕೊಟ್ಟರು. ಅವಳ ತಮ್ಮನಿಗೂ ಪಾತ್ರ ಸಿಕ್ಕಿತು, ನೂಡಲ್ಸಿನಂಥ ವಿಗ್ ಹಾಕಿಕೊಂಡ ಗುಂಗುರು ಕೂದಲಿನ ಹುಡುಗಿ. ನನಗೆ ಸಿಕ್ಕಿದ್ದು ನಾಯಕಿಯ ಸ್ವಂತ ಮಗಳು. ಮಗಳಿಗೆ ಎಂತ ಕೆಲಸ ಎಂದರೆ ಸ್ಟುಡಿಯೋದ ಮೂಲೆಯಲ್ಲಿ ನಿಲ್ಲುವುದು. ಮಾತು ಒಂದೇ, "ಮನೆಗೆ ಹೋಗುವಾ ಅಮ್ಮ", ಅದೂ ಕೊನೆಯಲ್ಲಿ. ಮೂಲೆಯಲ್ಲಿ ಒಂದು ಬಕೆಟ್ ಕೂಡ ಇಡುವುದಿತ್ತು. ಬಕೆಟ್ಟಿಗೂ ನನಗೂ ಇದ್ದ ವ್ಯತ್ಯಾಸ ಆ ಒಂದು ಮಾತು.

"ವೈ ಅವಳು? ನಾಟ್ ಫೇರ್ ಲಾ ಅಜ್ಜಿ," ಎಂದೆ.

ಎಲ್ಲರೂ ಹೋದ ಮೇಲೆ ಅಜ್ಜಿ ನನ್ನನ್ನು ಕೂರಿಸಿಕೊಂಡು ಆ ಸೀನಿನ ಕಥೆ ಹೇಳಿದರು. ಅವರಿಗೆ ಆಗ ಐದೋ ಆರೋ. ಅಮ್ಮನ ಒಂದು ಚಿತ್ರದಲ್ಲಿ ಮಗುವಿನ ಪಾತ್ರ ಬಂತು, ಕೊಡಲು ದುಡ್ಡಿಲ್ಲದ ಕಂಪನಿ, ಸ್ವಂತ ಮಗಳೇ ಇದ್ದಾಳಲ್ಲ ಎಂದಿತು. ಅಮ್ಮ ಮಗಳ ಹಣೆಗೆ ಮುತ್ತು ಕೊಡಬೇಕು, ಅಷ್ಟೇ. ಸರಿಯಾಗಿ ಆಗಲೇ ರೈಲು ಬಂತು. ನಿರ್ದೇಶಕನ ಬೆರಳು ಎದ್ದಿತು. ಅಮ್ಮ ಕಲ್ಲಾದಳು. ಮಗಳು ರೈಲು ನೋಡಲಿಕ್ಕೆ ತಿರುಗಿದಳು... ಫಿಲಂ ಹಾಳಾಯಿತು. ಮರುದಿನ ಬೇಕರಿಯವನ ಮಗಳು, ಗುಂಗುರು ಕೂದಲಿನವಳು, ಬಂದಳು. ಅಜ್ಜಿಯನ್ನು ಮೂಲೆಯಲ್ಲಿ ನಿಲ್ಲಿಸಿದರು. ಅಮ್ಮ ಗುಂಗುರು ಹುಡುಗಿಯ ಹಣೆಗೆ ತುಟಿ ಒತ್ತಿದಳು, ಆಗ ಮತ್ತೆ ರೈಲು ಬಂತು. ಈ ಸಲ ಗೂಡ್ಸ್ ರೈಲು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲ. ಅಷ್ಟು ಹೊತ್ತೂ ಅಮ್ಮನ ತುಟಿ ಆ ಹುಡುಗಿಯ ಹಣೆಯ ಮೇಲೆ.

"ಅಷ್ಟು ಉದ್ದದ ಮುತ್ತು ನನಗೆ ಯಾವತ್ತೂ ಸಿಕ್ಕಲಿಲ್ಲ ಮಾರಾಯ್ತಿ," ಎಂದರು ಅಜ್ಜಿ.

ಆ ಸಿನಿಮಾಗಳಲ್ಲಿ ಒಂದೂ ಉಳಿದಿಲ್ಲವಂತೆ. ರೀಲು ಕರಗಿಸಿ ಬೇರೆ ಏನಕ್ಕೋ ಬಳಸಿಬಿಟ್ಟರು. ಅಮ್ಮ ಮಗಳನ್ನು ಟಾಕೀಸಿಗೆ ಕರೆದುಕೊಂಡು ಹೋದದ್ದೂ ಇಲ್ಲ. ಆ ಸೀನು ಈಗ ಇದ್ದದ್ದು ಅಜ್ಜಿಯ ತಲೆಯಲ್ಲಿ ಮಾತ್ರ. ಅದನ್ನು ಇನ್ನೊಂದು ಸಲ ಕಣ್ಣಾರೆ ನೋಡಬೇಕು, ಅದಕ್ಕಾಗಿಯೇ ಈ ನಾಟಕ ಎಂದರು. ನಾನೇ ಏಕೆ ಮೂಲೆಗೆ ಎಂದು ಕೇಳಿದೆ. ಅನ್ವಿತಾ ಬಂದ ದಿನದಿಂದ ನಿನ್ನ ಮುಖ ನೋಡುತ್ತಿದ್ದೇನೆ, ನೀನು ನಟಿಸುವುದೇ ಬೇಡ, ಹಾಗೇ ನಿಂತರೆ ಸಾಕು ಎಂದರು. ನನಗೆ ಆಗ ಅದು ಬೈಗುಳದ ಹಾಗೆ ಕೇಳಿತು. ಈಗಲೂ ಪೂರ್ತಿ ಹೊಗಳಿಕೆ ಅಂತೇನೂ ಅನಿಸುವುದಿಲ್ಲ.

ನಮ್ಮ ಸಂಕ್ರಾಂತಿ ಹಾಲ್ ಸಿಕ್ಕಾಗ ಬರುತ್ತದೆ. ಆ ವರ್ಷ ಅದು ಚೀನೀ ಹೊಸ ವರ್ಷದ ಹೊತ್ತಿಗೆ ಬಂತು. ಎಳ್ಳುಬೆಲ್ಲ ಹಂಚಿ, ಭಾಷಣ ಮುಗಿದು, ನಾಟಕ ಶುರುವಾಯಿತು. ಅಜ್ಜಿ ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕೂತಿದ್ದರು. ಹಳದಿ ಪೌಡರ್ ಬಳಿದುಕೊಂಡ ಅನ್ವಿತಾ ಎಲ್ಲರ ಕಣ್ಣಿಗೆ ರಾಣಿ, ನನ್ನ ಕಣ್ಣಿಗೆ ಚಿತ್ರಾನ್ನ. ಮುತ್ತಿನ ಸೀನು ಬಂತು. ಅವಳು ನೂಡಲ್ಸ್ ತಮ್ಮನ ಹಣೆಗೆ ತುಟಿ ಇಟ್ಟಳು. ರೈಲಿನ ಸದ್ದಿಗೆಂದು ಅಪ್ಪ ಮೊಬೈಲು ಒತ್ತಬೇಕಿತ್ತು. ಅಷ್ಟರಲ್ಲಿ ಪಕ್ಕದ ಹಾಲಿನಲ್ಲಿ ಸಿಂಹನೃತ್ಯದ ಡೋಲು ಶುರುವಾಯಿತು. ಗೋಡೆ, ಕುರ್ಚಿ, ಸೆಕ್ರೆಟರಿ ಅಂಕಲ್ ಹೊಟ್ಟೆ ಎಲ್ಲ ನಡುಗುವಷ್ಟು.

ಮುಂದಿನ ಸಾಲಿನಲ್ಲಿ ಅಜ್ಜಿಯ ಬೆರಳು ತಾನೇ ತಾನಾಗಿ ಎದ್ದಿತು.

ನಾವು ಕಲ್ಲಾದೆವು. ಡೋಲು ನಿಲ್ಲಲಿಲ್ಲ. "ಏನ್ರೀ, ಹ್ಯಾಂಗ್ ಆಯ್ತಾ?" ಎಂದು ಯಾರೋ ಸಾಫ್ಟ್‌ವೇರ್ ಅಂಕಲ್ ಹಿಂದಿನಿಂದ ಕೇಳಿದರು. ಅನ್ವಿತಾ ಅಲ್ಲಾಡಲಿಲ್ಲ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯ ಎಂದರೆ ನಾನೂ ಅಲ್ಲಾಡಲಿಲ್ಲ. ಎಲ್ಲಿಯೂ ತುರಿಸಲಿಲ್ಲ. ಆ ಜಡೆ, ಆ ಬೆಳಕು, ಆ ಚಪ್ಪಾಳೆ ಎಲ್ಲ ನನ್ನದಾಗಬೇಕಿತ್ತು ಎಂದು ಅವಳನ್ನೇ ದಿಟ್ಟಿಸುತ್ತಾ, ಬಕೆಟ್ಟಿನ ಪಕ್ಕದಲ್ಲಿ, ಉರಿಯುತ್ತಾ ನಿಂತೆ.

ಆಗ ಅಜ್ಜಿ ಎದ್ದರು. ರೈಲು ಹೋಗುವ ತನಕ ಗುಳಿಯಪ್ಪವನ್ನೂ ಕದಲಲು ಬಿಡದವರು, ಸದ್ದು ಇನ್ನೂ ನಡೆಯುತ್ತಿರುವಾಗಲೇ ಕೋಲೂರಿಕೊಂಡು ವೇದಿಕೆ ಹತ್ತಿದರು. ಅನ್ವಿತಾಳನ್ನು ದಾಟಿದರು. ಗುಂಗುರು ಕೂದಲನ್ನೂ ದಾಟಿದರು. ಮೂಲೆಗೆ ಬಂದು, ಬಕೆಟ್ಟನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿ, ನನ್ನ ಹಣೆಗೆ ಮುತ್ತಿಟ್ಟರು. ಇಟ್ಟವರು ತೆಗೆಯಲಿಲ್ಲ. ಡೋಲು ಬಡಿಯುತ್ತಲೇ ಇತ್ತು. ಅವರ ತುಟಿ ಒದ್ದೆಯಾಗಿತ್ತು...

ಡೋಲು ನಿಂತ ಮೇಲೆ ಅವರು ನನ್ನ ಕಿವಿಯ ಹತ್ತಿರ ಹೇಳಿದರು.

"ಆವತ್ತು ಯಾರಾದರೂ ಬರಬೇಕಿತ್ತು ಮಾರಾಯ್ತಿ."

ನನ್ನ ಒಂದೇ ಒಂದು ಮಾತನ್ನು ನಾನು ಹೇಳಲೇ ಇಲ್ಲ. ಗಂಟಲಲ್ಲಿ ಎಳ್ಳುಬೆಲ್ಲ ಸಿಕ್ಕಿಕೊಂಡಿತ್ತು ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಚಪ್ಪಾಳೆಯೆಲ್ಲ ಅನ್ವಿತಾಗೆ ಹೋಯಿತು. ಎಷ್ಟು ಹೊತ್ತು ನಿಂತಳು ನೋಡಿ ಎಂದು ಆಂಟಿಯರು ಅವಳ ಕೆನ್ನೆ ಹಿಂಡಿದರು. ಬಕೆಟ್ಟಿನ ಪಕ್ಕದವಳೂ ಅಷ್ಟೇ ಹೊತ್ತು ನಿಂತಿದ್ದಳು ಎಂದು ಯಾರೂ ಹೇಳಲಿಲ್ಲ. ನಾನೇ ನಾಲ್ಕೈದು ಜನಕ್ಕೆ ಹೇಳಬೇಕಾಯಿತು.

ಮರುವರ್ಷ ಅಜ್ಜಿ ಹೋದರು. ನಿದ್ದೆಯಲ್ಲಿ, ಎಂದು ಅವರ ಮಗ ಹೇಳಿದರು. ಪೌಡರ್ ಡಬ್ಬಿಯನ್ನು ಅಜ್ಜಿ ಮೊದಲೇ ಅನ್ವಿತಾಗೆ ಕೊಟ್ಟಿದ್ದರು, ನಾಟಕದಲ್ಲಿ ಅಮ್ಮನಾದವಳಿಗೆ ಅಮ್ಮನ ಡಬ್ಬಿ ಎಂದು. ಅವಳು ಅದನ್ನು ತೆಗೆದುಕೊಂಡು ಮೈಸೂರಿಗೆ ವಾಪಸ್ ಹೋದಳು. ನನಗೆ ಸಿಕ್ಕಿದ್ದು ಕಪಾಟಿನಲ್ಲಿ ಇಡಲಾಗದ್ದು. ಅದು ಡಬ್ಬಿಗಿಂತ ದೊಡ್ಡದು ಎಂದು ನನಗೆ ಗೊತ್ತು. ಆದರೂ ಡಬ್ಬಿ ಬೇಕಿತ್ತು.

ಅಂಗಡಿಯಲ್ಲಿ ನಾನು ಇದನ್ನೆಲ್ಲ ಮೂಸುತ್ತಾ ನಿಂತಿದ್ದೆ. ಅಮ್ಮ ಕುಸ್ತಿ ಗೆದ್ದು, ಕುಚ್ಚು ಹಿಡಿದು, ಆ ಪೌಡರ್ ನಿನಗ್ಯಾಕೆ ಎಂದು ಕೇಳಿದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹೊರಗೆ ಮೇಲಿನ ಹಳಿಯಲ್ಲಿ ಮೋನೊರೈಲು ಬಂತು.

ನಾನು ನಿಂತೆ. ತೆರೆದ ಬಾಯಿ, ಕೈಯಲ್ಲಿ ಡಬ್ಬಿ, ಎಲ್ಲ ಹಾಗ್ಹಾಗೇ. ಅಂಗಡಿಯಾಕೆ ಬಿಲ್ಲು ಹಾಕುತ್ತಲೇ ಇದ್ದಳು. ಅಮ್ಮ ನನ್ನ ತೋಳು ಜಗ್ಗಿದಳು. ಬೀದಿಯಲ್ಲಿ ಜನ ನಡೆಯುತ್ತಲೇ ಇದ್ದರು. ಇಡೀ ಬ್ರಿಕ್‌ಫೀಲ್ಡ್ಸ್‌ನಲ್ಲಿ ಕಲ್ಲಾದವಳು ನಾನೊಬ್ಬಳೇ. ಜೊತೆಗೆ ಇನ್ನೊಬ್ಬರು ನಿಲ್ಲಬೇಕಿತ್ತು ಎನಿಸಿತು, ಯಾರಾದರೂ ಸರಿ...

ಅನ್ವಿತಾ ಆದರೂ ಆಗುತ್ತಿತ್ತು.