ಕೆಂಚಣ್ಣನ ಮಳೆ

ಚಿಕ್ಕಜಾಜೂರಿನ ಸ್ಟೇಷನ್ ರಸ್ತೆಯಲ್ಲಿ ಒಂದೇ ಬಾಗಿಲಿನ ಅಂಗಡಿ. ಒಳಗೆ ಎರಡು ಕುರ್ಚಿ, ಸುರುಳಿ ಸುತ್ತಿದ ಕಪ್ಪು ವೈರು, ಗೋಡೆಯ ಮೇಲೆ ಮಿಣಮಿಣ ಎನ್ನುವ ಒಂದು ಪೆಟ್ಟಿಗೆ. ಸುತ್ತಲಿನ ತೊಂಬತ್ತು ಮನೆಗಳಿಗೆ ಇಂಟರ್ನೆಟ್ ಹೋಗುವುದು ಇಲ್ಲಿಂದ. ಮಾಲೀಕ ಕೆಂಚಣ್ಣನಿಗೆ ಐವತ್ತೆರಡು ವಯಸ್ಸು. ನೆಟ್ಟು ಯಾಕೆ ನಿಧಾನ ಎಂದು ಯಾರಾದರೂ ಕೇಳಿದರೆ, "ಸ್ಟೇಷನ್ನಾಗೆ ಗೂಡ್ಸ್ ಗಾಡಿ ನಿಂತೈತೆ. ಅಷ್ಟು ಕಬ್ಬಿಣ ಸಿಗ್ನಲ್ ಎಳ್ಕಂತೈತೆ," ಎನ್ನುತ್ತಿದ್ದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನಾನೇ ಎರಡು ತಿಂಗಳು ಅದನ್ನು ನಂಬಿದ್ದೆ.

ಅವನ ಅಪ್ಪ ಕುರಿ ಕಾಯುತ್ತಿದ್ದವರು. ಹತ್ತನೇ ವಯಸ್ಸಿನವರೆಗೆ ಕೆಂಚಣ್ಣನೂ ಕುರಿಗಳ ಹಿಂದೆಯೇ ತಿರುಗಿದವನು. ಯಾವ ಬಂಡೆಯ ಮೇಲೆ ನಿಂತರೆ ಯಾವ ಊರು ಕಾಣುತ್ತದೆ, ಎಲ್ಲಿಂದ ಕೂಗಿದರೆ ಯಾವ ಹಳ್ಳಕ್ಕೆ ಕೇಳುತ್ತದೆ ಎಂಬುದೆಲ್ಲ ಅವನಿಗೆ ಆಗಲೇ ಬಾಯಿಪಾಠ. ಮುಂದೆ ಕಂಬದಿಂದ ಕಂಬಕ್ಕೆ ಕೇಬಲ್ ಟಿವಿ ವೈರು ಎಳೆದ. ಮನೆಮನೆಗೆ ಡಿಶ್ ಬಂದು ಆ ಕೆಲಸ ನಿಂತಾಗ ಇಂಟರ್ನೆಟ್ಟಿಗೆ ಕೈಹಾಕಿದ. ಊರೊಳಗೆ ಕೇಬಲ್ ಬಂದಿತ್ತು, ಹೊಲದ ಮನೆಗಳಿಗೆ ಬಂದಿರಲಿಲ್ಲ. ಅಲ್ಲಿ ಮೊಬೈಲ್ ಸಿಗ್ನಲ್ಲೂ ಬಚ್ಚಲ ಪಕ್ಕ ನಿಂತರೆ ಒಂದು ಕಡ್ಡಿ, ಅಷ್ಟೆ. ಕೆಂಚಣ್ಣ ಊರಾಚೆಯ ಗುಡ್ಡದ ನೆತ್ತಿಯಲ್ಲಿ ಕಬ್ಬಿಣದ ಕಂಬ ನೆಟ್ಟು ಅದಕ್ಕೆ ರೇಡಿಯೋ ಡಬ್ಬ ಕಟ್ಟಿದ. ಅಂಗಡಿಯಿಂದ ಗುಡ್ಡಕ್ಕೆ, ಗುಡ್ಡದಿಂದ ಹೊಲದ ಮನೆಗಳಿಗೆ, ಗಾಳಿಯಲ್ಲೇ ನೆಟ್ಟು.

ಮೂರು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಪಕ್ಕದ ಹಳ್ಳಿಯಲ್ಲಿ ಜಂಬಣ್ಣನೂ ಒಂದು ಕಂಬ ನೆಟ್ಟ. ಒಂದು ಕಾಲಕ್ಕೆ ಕೆಂಚಣ್ಣನ ಹತ್ತಿರವೇ ಏಣಿ ಹಿಡಿದು ಕೆಲಸ ಕಲಿತವನು, ಜಗಳವಾಡಿ ಬಿಟ್ಟುಹೋದವನು. ಇಬ್ಬರ ರೇಡಿಯೋಗಳೂ ಹೆಚ್ಚುಕಡಿಮೆ ಒಂದೇ ಚಾನೆಲಿನಲ್ಲಿ, ಎಂದರೆ ಗಾಳಿಯ ಒಂದೇ ತರಂಗದಲ್ಲಿ, ಮಾತಾಡುತ್ತಿದ್ದುದರಿಂದ ಒಬ್ಬರದು ಒಬ್ಬರಿಗೆ ತೊಡರಿ, ಎರಡೂ ಕಡೆ ವಿಡಿಯೋ ಸುತ್ತುತ್ತಲೇ ಇರುತ್ತಿತ್ತು. ಇವನು ಪವರ್ ಏರಿಸಿದ. ಅವನೂ ಏರಿಸಿದ. ಕೊನೆಗೆ ಇನ್ನು ಏರಿಸಲು ಡಬ್ಬವೇ ಬಿಡಲಿಲ್ಲ.

ಆಗ ಕೆಂಚಣ್ಣನ ಕಣ್ಣಿಗೆ ಬಿದ್ದದ್ದು ಡಬ್ಬದ ಸೆಟ್ಟಿಂಗಿನಲ್ಲಿದ್ದ ದೇಶಗಳ ಪಟ್ಟಿ. ಭಾರತ ಎಂದು ಆರಿಸಿದರೆ ಪವರಿಗೆ ಮಿತಿ ಇರುತ್ತದೆ. ಕೆಲವು ಚಾನೆಲುಗಳನ್ನು ಬಳಸುವ ಮೊದಲು ಡಬ್ಬ ಕಿವಿಗೊಟ್ಟು ಕೇಳುತ್ತದೆ. ಅಲ್ಲಿ ರಾಡಾರ್ ಇದ್ದರೆ ತಾನಾಗಿಯೇ ಸರಿದುಕೊಳ್ಳುತ್ತದೆ. ಕೆಂಚಣ್ಣ ಭಾರತವನ್ನು ತೆಗೆದು, ಶಾಂತ ಸಾಗರದ ನಡುವೆ ಇರುವ ಯಾವುದೋ ಪುಟ್ಟ ದ್ವೀಪವನ್ನು ಆರಿಸಿದ. ಅಲ್ಲಿ ಮಿತಿಯೂ ಇಲ್ಲ, ಕೇಳುವ ಗೋಜೂ ಇಲ್ಲ. ಜೊತೆಗೆ, ಯಾರೂ ಸುಳಿಯದ ಒಂದು ನಿಶ್ಶಬ್ದವಾದ ಚಾನೆಲನ್ನೂ ಹುಡುಕಿಕೊಂಡ.

"ಇದು ತಪ್ಪಲ್ಲವೇನಯ್ಯ?" ಎಂದೆ ನಾನು.

"ಡಬ್ಬಕ್ಕೇನ್ ಗೊತ್ತಾಗ್ತೈತೆ ಮೇಷ್ಟ್ರೆ, ತಾನು ಚಿಕ್ಕಜಾಜೂರ್ನಾಗೈತೋ ಸಮುದ್ರದಾಗೈತೋ?"

ಮರುದಿನ ನಮ್ಮ ಮನೆಯ ನೆಟ್ಟು ಎರಡರಷ್ಟು ವೇಗವಾಯಿತು. ನಾನು ಇನ್ನೇನೂ ಕೇಳಲಿಲ್ಲ.

ಅದು ನವೆಂಬರ್. ಮೆಕ್ಕೆಜೋಳ ಬಿಡಿಸಿ ಎಲ್ಲರೂ ಕಣದಲ್ಲಿ, ರಸ್ತೆಯ ಅಂಚಿನಲ್ಲಿ ಹರವಿದ್ದರು. ನಮ್ಮ ಕಡೆ ಈಗ ಯಾರೂ ಮುಗಿಲು ನೋಡುವುದಿಲ್ಲ, ಫೋನಿನಲ್ಲಿ ಮಳೆ ನಕ್ಷೆ ನೋಡುತ್ತಾರೆ. ಕೆಂಚಣ್ಣ ದ್ವೀಪಕ್ಕೆ ಹೋದ ಎರಡನೇ ದಿನವೇ ಆ ನಕ್ಷೆಯಲ್ಲಿ ಗೀಟೆಳೆದಂತೆ ಒಂದು ಹಸಿರು ಪಟ್ಟೆ ಕಾಣಿಸಿಕೊಂಡಿತು. ಹಸಿರು ಎಂದರೆ ಮಳೆ. ಪಟ್ಟೆ ನಮ್ಮ ಗುಡ್ಡದ ಮೇಲೆಯೇ ಹಾದುಹೋಗಿತ್ತು.

ಎಲ್ಲರೂ ಓಡಿ ಜೋಳಕ್ಕೆ ಟಾರ್ಪಾಲು ಮುಚ್ಚಿದರು. ಮೇಲೆ ಸುಡುಬಿಸಿಲು. ಸಂಜೆ ತೆಗೆದರು, ಬೆಳಿಗ್ಗೆ ನೋಡಿದರೆ ಪಟ್ಟೆ ಅಲ್ಲೇ. ಮತ್ತೆ ಮುಚ್ಚಿದರು. ಹೀಗೇ ಹತ್ತು ದಿನ ಕಳೆಯಿತು. ಎಲ್ಲರಿಗಿಂತ ಹೆಚ್ಚು ಜೋಳ ಇದ್ದದ್ದು ಏಕಾಂತಪ್ಪನವರ ಕಣದಲ್ಲಿ. ಮುಚ್ಚಿ ಮುಚ್ಚಿ ರಾಶಿಯ ಒಳಗೆ ಬಿಸಿ ಹುಟ್ಟಿ, ಒಂದು ಮೂಲೆಗೆ ಬೂಷ್ಟು ಬಂತು.

"ಎಂಥಾ ಮಳೆಯಪ್ಪ ಇದು? ಮ್ಯಾಪ್ನಾಗೆ ಸುರಿತೈತೆ, ತಲೆ ಮ್ಯಾಲೆ ಒಂದು ಹನಿ ಇಲ್ಲ," ಎಂದು ಅವರು ಕೆಂಚಣ್ಣನ ಅಂಗಡಿಗೇ ಬಂದು ಗೋಳಾಡಿದರು.

"ಹವಾಮಾನದೋರ ಕೆಲ್ಸಾನೇ ಹಂಗೆ ಬಿಡ್ರಿ," ಎಂದ ಕೆಂಚಣ್ಣ. ಅವನಿಗೂ ಏನೂ ಗೊತ್ತಿರಲಿಲ್ಲ. ಅವನ ಹೆಂಡತಿ ಹನುಮಮ್ಮನೂ ಮನೆಯ ಮುಂದೆ ಹರವಿದ್ದ ಜೋಳವನ್ನು ದಿನಕ್ಕೆ ಮೂರು ಸಲ ಮುಚ್ಚಿ ತೆಗೆದು, ಸೊಂಟ ಹಿಡಿದುಕೊಂಡು ಬೈಯುತ್ತಿದ್ದಳು. ಗಂಡ ಪಕ್ಕದಲ್ಲಿ ಕೂತು ತಾನೂ ದನಿಗೂಡಿಸುತ್ತಿದ್ದ.

ಹನ್ನೊಂದನೇ ದಿನ ಒಂದು ಬಿಳಿ ಜೀಪು ಬಂತು. ನೆತ್ತಿಯ ಮೇಲೆ ನಾಲ್ಕಾರು ಆಂಟೆನಾ. ಇಳಿದವಳು ಕಾವ್ಯಶ್ರೀ ಎಂಬ ಇಂಜಿನಿಯರು, ಗಾಳಿಯಲ್ಲಿ ಯಾರ ಸಿಗ್ನಲ್ ಯಾರಿಗೆ ಅಡ್ಡ ಬರುತ್ತಿದೆ ಎಂದು ಹುಡುಕುವ ಸರ್ಕಾರಿ ಕಚೇರಿಯವಳು. ಮೂವತ್ತು ದಾಟಿರಲಿಲ್ಲ. ಕೆಂಚಣ್ಣನ ಅಂಗಡಿಗೆ ಬಂದು ಹವಾಮಾನ ರಾಡಾರಿಗೆ ಈ ಕಡೆಯಿಂದ ತೊಂದರೆಯಾಗುತ್ತಿದೆ, ಇಲ್ಲಿ ರೇಡಿಯೋ ಇಟ್ಟವರು ಯಾರು ಯಾರು ಎಂದು ಕೇಳಿದಳು.

"ಬರ್ರಿ ಮೇಡಮ್ಮೋರೆ, ಕುಂತ್ಕಳ್ರಿ. ಟೀ ತರಿಸ್ತೀನಿ," ಎಂದ ಕೆಂಚಣ್ಣ. ಟೀ ಬರುವಷ್ಟರಲ್ಲಿ ಅವನ ತಲೆ ಓಡಿತ್ತು. "ತೊಂದ್ರೆ ಕೊಡೋನು ಒಬ್ಬನವ್ನೆ. ಜಂಬಣ್ಣ ಅಂತ. ನಾನೇ ತೋರಿಸ್ತೀನಿ, ಹೋಗಾಣ ನಡೀರಿ."

ನನ್ನನ್ನೂ ಸಾಕ್ಷಿಗೆಂದು ಹತ್ತಿಸಿಕೊಂಡ. ಜಂಬಣ್ಣನ ಕಂಬದ ಬುಡದಲ್ಲಿ ಜೀಪು ನಿಂತಿತು. ಕಾವ್ಯಶ್ರೀ ಲ್ಯಾಪ್‌ಟಾಪು ತೆರೆದಳು. ತೊಂದರೆಯ ಸಿಗ್ನಲ್ ಎಲ್ಲಿಂದ ಬರುತ್ತಿದೆ ಎಂದು ಒಂದು ಕೆಂಪು ಬಾಣ ತೋರಿಸುತ್ತಿತ್ತು. ಬಾಣ ಜಂಬಣ್ಣನ ಕಂಬದ ಕಡೆ ತಿರುಗಲೇ ಇಲ್ಲ. ನಾವು ಬಂದ ದಾರಿಯ ಕಡೆಗೇ, ಕೆಂಚಣ್ಣನ ಗುಡ್ಡದತ್ತ, ನೆಟ್ಟಗೆ ನಿಂತಿತ್ತು.

ಅಷ್ಟರಲ್ಲಿ ಹೊರಬಂದಿದ್ದ ಜಂಬಣ್ಣ ಬಗ್ಗಿ ನೋಡಿದ. ಅವನ ಮುಖ ಅರಳಿತು. "ಕೆಂಚಣ್ಣ, ಬಾಣ ನಿಮ್ಮನಿ ದಾರಿ ಕೇಳ್ತೈತೆ ನೋಡು."

"ಅದು ಕೆಟ್ಟಿರ್ಬೇಕು ಮೇಡಮ್ಮೋರೆ," ಎಂದ ಕೆಂಚಣ್ಣ. "ಆ ಕಡೆ ಸ್ಟೇಷನ್ ಐತೆ. ಗೂಡ್ಸ್ ಗಾಡಿ..."

ಕಾವ್ಯಶ್ರೀ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಜೀಪು ತಿರುಗಿಸಲು ಹೇಳಿದಳು. ಗುಡ್ಡ ಹತ್ತಿ, ಕಂಬದ ಬುಡದಲ್ಲಿ ನಿಂತು ಕೆಂಚಣ್ಣನಿಂದಲೇ ಡಬ್ಬದ ಸೆಟ್ಟಿಂಗು ತೆರೆಸಿದಳು.

"ನಿಮ್ಮ ರೇಡಿಯೋ ಯಾವ ದೇಶದಲ್ಲಿದೆ, ಕೆಂಚಣ್ಣನವರೇ?"

"ಚಿಕ್ಕಜಾಜೂರ್ನಾಗೆ."

"ಇಲ್ಲಿ ಬೇರೆ ಏನೋ ಬರೆದಿದೆಯಲ್ಲ."

ಕೆಂಚಣ್ಣ ಗುಡ್ಡದ ಕೆಳಗೆ ಮೇಯುತ್ತಿದ್ದ ಕುರಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಅವಳು ಬಿಡಿಸಿ ಹೇಳಿದಳು. ರಾಡಾರು ಒಂದು ಅಲೆ ಕಳಿಸಿ, ಮಳೆಹನಿಗೆ ತಾಗಿ ಅದು ವಾಪಸ್ ಬರುವುದನ್ನು ಕಾಯುತ್ತದೆ. ಕಾಯುವ ಹೊತ್ತಿಗೆ ಅದೇ ಚಾನೆಲಿನಲ್ಲಿ ಕೆಂಚಣ್ಣನ ಡಬ್ಬ ಕೂಗಿದರೆ, ಮಳೆಯೇ ಮಾತಾಡಿತು ಎಂದುಕೊಳ್ಳುತ್ತದೆ. ಕೂಗು ಬಂದ ದಿಕ್ಕಿನ ಉದ್ದಕ್ಕೂ ಮಳೆಯ ಗೀಟು ಎಳೆಯುತ್ತದೆ. ಆ ಚಾನೆಲು ನಿಶ್ಶಬ್ದವಾಗಿದ್ದದ್ದೇಕೆಂದರೆ, ತಿಳಿದವರೆಲ್ಲ ಅದನ್ನು ರಾಡಾರಿಗೆಂದು ಬಿಟ್ಟುಕೊಟ್ಟಿದ್ದರು.

ಅವಳು ಡಬ್ಬವನ್ನು ಬಂದ್ ಮಾಡಿದಳು. ಹತ್ತು ನಿಮಿಷ ಬಿಟ್ಟು ತನ್ನ ಫೋನಿನಲ್ಲಿ ನಕ್ಷೆ ತೋರಿಸಿದಳು. ಹಸಿರು ಪಟ್ಟೆ ಮಾಯವಾಗಿತ್ತು.

"ಹತ್ತು ದಿನದಿಂದ ಸುರೀತಿದ್ದದ್ದು ನಿಮ್ಮ ಮಳೆ," ಎಂದಳು.

ಕೆಂಚಣ್ಣ ಬಂಡೆಯ ಮೇಲೆ ಕುಸಿದು ಕೂತ. ಜೀಪಿನ ಹಿಂದೆಯೇ ಬೈಕಿನಲ್ಲಿ ಬಂದಿದ್ದ ಜಂಬಣ್ಣ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕಾವ್ಯಶ್ರೀ ಅವನ ಕಡೆ ತಿರುಗಿ, "ನಿಮ್ಮ ಡಬ್ಬದ ಸೆಟ್ಟಿಂಗನ್ನೂ ಫೋನಿನಲ್ಲಿ ತೆಗೆದು ತೋರಿಸಿ," ಎಂದಳು. ನಗು ನಿಂತಿತು. ಜಂಬಣ್ಣನ ಡಬ್ಬ ಯಾವುದೋ ಮರಳುಗಾಡಿನ ದೇಶದಲ್ಲಿತ್ತು.

ಇಬ್ಬರ ರೇಡಿಯೋಗಳಿಗೂ ಸೀಲು ಬಿತ್ತು. ತಪ್ಪೊಪ್ಪಿಗೆ ಬರೆದುಕೊಟ್ಟು, ಡಬ್ಬಗಳನ್ನು ಭಾರತಕ್ಕೆ ಕರೆತಂದು ತೋರಿಸಿದ ಮೇಲೆ ಮತ್ತೆ ತೆರೆಯುವುದು ಎಂದಾಯಿತು. ಕಾಗದ ಬರೆಯಲು ಎಲ್ಲರೂ ಕೆಂಚಣ್ಣನ ಮನೆಯ ಜಗುಲಿಯಲ್ಲಿ ಕೂತೆವು. "ಈ ಚಾನೆಲುಗಳಿಗೆ ಲೈಸೆನ್ಸ್ ಬೇಡ, ನಿಜ. ಆದರೆ ಷರತ್ತು ಇದೆ," ಎಂದಳು ಕಾವ್ಯಶ್ರೀ. "ನೀವು ಯಾರಿಗೂ ತೊಂದರೆ ಕೊಡಬಾರದು. ಬೇರೆಯವರಿಂದ ನಿಮಗೆ ತೊಂದರೆಯಾದರೆ ಸಹಿಸಿಕೊಳ್ಳಬೇಕು, ದೂರುವಂತಿಲ್ಲ."

ಬಾಗಿಲಲ್ಲಿ ನಿಂತಿದ್ದ ಹನುಮಮ್ಮ, "ಇದು ಸೊಸೇರಿಗೆ ಮಾಡಿದ ರೂಲ್ಸ್ ಇದ್ದಂಗೈತಲ್ಲ ಮೇಡಮ್!" ಎಂದಳು. ಆಗ ಮಾತ್ರ ಕಾವ್ಯಶ್ರೀ ಬಾಯ್ತುಂಬ ನಕ್ಕಳು. ನಗು ಮುಗಿದ ಮೇಲೆ ಹನುಮಮ್ಮ ಗಂಡನ ಕಡೆ ತಿರುಗಿದಳು. "ನನ್ನ ಸೊಂಟ ಮುರಿದಿದ್ದು ನೀನೇನಯ್ಯ ಹಂಗಾರೆ?" ಕೆಂಚಣ್ಣ ಕಾಗದದ ಮೇಲೆ ಇನ್ನಷ್ಟು ಬಗ್ಗಿದ.

ಜೀಪು ಹೋದ ಮೇಲೆ ಅವನು ನಮ್ಮಿಂದ ಆಣೆ ಹಾಕಿಸಿಕೊಂಡ. ಏಕಾಂತಪ್ಪನವರಿಗೆ ವಿಷಯ ತಿಳಿಯಕೂಡದು. ಕೇಳಿದವರಿಗೆಲ್ಲ, "ಮ್ಯಾಲಿಂದಾನೇ ಏನೋ ದೋಷ ಅಂತೆ. ನಾಕು ದಿನ ನೆಟ್ಟಿರಲ್ಲ. ಆ ಮ್ಯಾಪು ಬರೀ ಸುಳ್ಳು, ಜೋಳ ಹರವ್ಕಳ್ರಿ," ಎಂದ. ಎಲ್ಲರೂ ಟಾರ್ಪಾಲು ಮಡಚಿ ಅಟ್ಟಕ್ಕೆ ಎಸೆದರು.

ಮೂರನೇ ದಿನ ಮಧ್ಯಾಹ್ನ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದ ಕೆಂಚಣ್ಣ ನಕ್ಷೆ ತೆರೆದ. ಈ ಸಲ ಗೀಟಿರಲಿಲ್ಲ. ಹಿರಿಯೂರಿನ ಕಡೆಯಿಂದ ಹಳದಿ, ಕೆಂಪು ಬಣ್ಣದ ದೊಡ್ಡ ಮುದ್ದೆ ಉರುಳಿಕೊಂಡು ಬರುತ್ತಿತ್ತು. ಇಲ್ಲಿನ್ನೂ ಬಿಸಿಲು. ಹೊಲದ ಮನೆಗಳಿಗೆ ಫೋನು ಮಾಡಿದ, ಇಬ್ಬರಿಗೆ ಸಿಕ್ಕಿತು. ಇಬ್ಬರೂ ನಕ್ಕು ಇಟ್ಟರು. ವಾಟ್ಸಾಪ್ ಗ್ರೂಪಿನಲ್ಲಿ ಬರೆಯೋಣವೆಂದರೆ ನೋಡುವವರಿಗೆ ನೆಟ್ಟೇ ಇಲ್ಲ. ಅದಕ್ಕೆ ಸೀಲು ಬಿದ್ದಿತ್ತು.

ಅಂಗಡಿಯ ಬಾಗಿಲನ್ನೂ ಎಳೆಯದೆ ಬೈಕು ಹತ್ತಿದ. ದಾರಿಯಲ್ಲಿ ಸಿಕ್ಕ ನನ್ನನ್ನು ಹಿಂದೆ ಕೂರಿಸಿಕೊಂಡ. ಮೊದಲು ಏಕಾಂತಪ್ಪನವರ ಕಣ.

"ಜೋಳ ಮುಚ್ರಿ! ಮಳೆ ಬರ್ತೈತೆ!"

ಏಕಾಂತಪ್ಪ ಕಾಳು ಎಳೆಯುವ ಹಲಗೆ ಊರಿಕೊಂಡು ನಿಂತರು. "ಮ್ಯಾಪು ಸುಳ್ಳು ಅಂತ ಮೊನ್ನೆ ನೀನೇ ಅಂದ್ಯಲ್ಲೋ."

"ಮೊನ್ನೇದು ಸುಳ್ಳು. ಇದು ದಿಟ."

"ನಿಂಗೆಂಗ್ ಗೊತ್ತು ಯಾವ್ದು ಸುಳ್ಳು, ಯಾವ್ದು ದಿಟ ಅಂತ?"

ಕೆಂಚಣ್ಣ ಒಮ್ಮೆ ನನ್ನ ಮುಖ ನೋಡಿದ. "ಮೊನ್ನೇ ಮಳೆ ನಂದು, ಏಕಾಂತಪ್ಪಾರೆ. ನನ್ನ ಡಬ್ಬದ್ದು. ನಾನೇ ತಪ್ಪು ಮಾಡಿದ್ದೆ. ಈಗ ಬರ್ತಿರೋದು ನಂದಲ್ಲ, ದೇವ್ರ ಮಳೆ."

ಅರ್ಥವಾಗಲು ಏಕಾಂತಪ್ಪನವರಿಗೆ ಅರ್ಧ ನಿಮಿಷ ಬೇಕಾಯಿತು. ಅರ್ಥವಾದೊಡನೆ ಹಲಗೆ ಎತ್ತಿದರು.

"ಮೊದ್ಲು ಮುಚ್ಚಾಣ, ಆಮ್ಯಾಕೆ ಹೊಡೀರಿ!" ಎಂದು ಕೂಗುತ್ತಾ ಕೆಂಚಣ್ಣ ಅಟ್ಟದ ಟಾರ್ಪಾಲಿಗೆ ಓಡಿದ. ಮೂವರೂ ಸೇರಿ ರಾಶಿ ಎಳೆದು ಮುಚ್ಚಿದೆವು. ಅಲ್ಲಿಂದ ಮುಂದಿನ ಮನೆ, ಅಲ್ಲಿಂದ ಮುಂದಿನದು. ಪ್ರತಿ ಬಾಗಿಲಲ್ಲೂ ಅದೇ ಅನುಮಾನ, ಪ್ರತಿ ಬಾಗಿಲಲ್ಲೂ ಅದೇ ತಪ್ಪೊಪ್ಪಿಗೆ. ಹತ್ತು ಮನೆ ದಾಟುವ ಹೊತ್ತಿಗೆ ಅದನ್ನು ಸರಾಗವಾಗಿ, ಹೆಚ್ಚುಕಡಿಮೆ ಜಂಬದಿಂದಲೇ ಒಪ್ಪಿಸತೊಡಗಿದ್ದ. ಹಳ್ಳದ ಹತ್ತಿರ ಜಂಬಣ್ಣ ಎದುರಾದ. ಅವನೂ ನಕ್ಷೆ ನೋಡಿ ಹೊರಟಿದ್ದ.

"ಹಳ್ಳದಾಚೆ ನಾನು ಹೋಗ್ತೀನಿ, ಈ ಕಡೆ ನೀನು ನೋಡ್ಕ," ಎಂದ ಜಂಬಣ್ಣ.

"ಆ ಕಡೆ ಹನ್ನೆರಡು ಮನೆ ನನ್ನವು ಕಣಲೇ."

"ಜೋಳಕ್ಕೇನ್ ಗೊತ್ತಾಗ್ತೈತೆ ಯಾರ ಗಿರಾಕಿ ಅಂತ? ನಡಿ!"

ನಾಲ್ಕು ಗಂಟೆಗೆ ಮಳೆ ಹೊಡೆಯಿತು. ಒಂದೂವರೆ ಗಂಟೆ ಬಿಡದೆ ಸುರಿದು ರಸ್ತೆಯೆಲ್ಲ ಹಳ್ಳವಾಯಿತು. ಕೊನೆಯ ನಾಲ್ಕು ಮನೆ ತಲುಪಲಾಗಲಿಲ್ಲ, ಅವರ ಜೋಳ ನೆನೆಯಿತು. ಉಳಿದದ್ದೆಲ್ಲ ಉಳಿಯಿತು. ಮರುದಿನ ಬೆಳಿಗ್ಗೆ ಕೆಂಚಣ್ಣನೂ ಜಂಬಣ್ಣನೂ ಆ ನಾಲ್ಕು ಮನೆಗಳಿಗೆ ಹೋಗಿ, ಒದ್ದೆ ಜೋಳ ಹೊತ್ತು ಸ್ಕೂಲಿನ ಜಗುಲಿಯ ಮೇಲೆ ಹರವಿದರು. ಯಾರೂ ಹೇಳಿರಲಿಲ್ಲ. ಏಕಾಂತಪ್ಪ ಹೊಡೆಯಲಿಲ್ಲ, ಎರಡು ತಿಂಗಳು ಮಾತು ಬಿಟ್ಟರು. ಅವರ ಮನೆಯ ನೆಟ್ಟು ಮಾತ್ರ ಬಿಡಿಸಲಿಲ್ಲ.

ಸೀಲು ತೆಗೆದ ದಿನ ಇಬ್ಬರೂ ಒಂದೇ ಜಗುಲಿಯಲ್ಲಿ ಕೂತು ಚಾನೆಲು ಹಂಚಿಕೊಂಡರು. ಹಳ್ಳದಾಚೆಯ ಹನ್ನೆರಡು ಮನೆ ಜಂಬಣ್ಣನಿಗೆ, ಗುಡ್ಡದ ಬೆನ್ನಿಗಿದ್ದ ಅವನ ಎಂಟು ಮನೆ ಇವನಿಗೆ. ಪವರು ಕಮ್ಮಿ ಮಾಡಿದ ಮೇಲೆ ಇಬ್ಬರ ನೆಟ್ಟೂ ಮೊದಲಿಗಿಂತ ಚೆನ್ನಾಗಿ ಓಡಿತು. ಇದು ಕೆಂಚಣ್ಣನಿಗೆ ಇವತ್ತಿಗೂ ಸ್ವಲ್ಪ ಅವಮಾನದ ವಿಷಯ.

ಹೋದ ತಿಂಗಳು ನಾವಿಬ್ಬರೂ ಹೊಸದುರ್ಗಕ್ಕೆ ಹೋಗಿದ್ದೆವು. ಒಂದು ಅಂಗಡಿಯಲ್ಲಿ ಅಗ್ಗದ ರೇಡಿಯೋ ಡಬ್ಬಗಳ ಸಾಲು. ಕೆಂಚಣ್ಣ ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದ. ಸರ್ಕಾರದ ಒಪ್ಪಿಗೆ ನಂಬರಿಲ್ಲದ ಡಬ್ಬ ಮಾರುವಂತಿಲ್ಲ ಎಂಬುದು ಈಗ ಅವನಿಗೆ ಗೊತ್ತು. "ಇದ್ರ ಒಪ್ಪಿಗೆ ನಂಬರ್ ಎಲ್ಲೈತ್ರಿ? ಸರ್ಕಾರದ್ದು?" ಎಂದು ಗಡಸಾಗಿ ಕೇಳಿದ. ಅಂಗಡಿಯವನ ಮುಖ ಬಿಳುಚಿತು. "ಸಾರ್, ಕುಂತ್ಕಳ್ರಿ ಸಾರ್," ಎಂದು ಕುರ್ಚಿ ಎಳೆದ, ಬಾದಾಮಿ ಹಾಲು ತರಿಸಿದ, ನಂಬರಿಲ್ಲದ ಡಬ್ಬಗಳನ್ನೆಲ್ಲ ನಮ್ಮ ಕಣ್ಣೆದುರೇ ಕಟ್ಟಿ ವಾಪಸ್ ಕಳಿಸಲು ಪಕ್ಕಕ್ಕಿಟ್ಟ. ತಾನು ಅಧಿಕಾರಿ ಎಂದು ಕೆಂಚಣ್ಣ ಒಂದು ಸಲವೂ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಲೋಟ ಖಾಲಿ ಮಾಡಿ, ಮೀಸೆ ಒರೆಸಿಕೊಂಡು, "ಮೇಷ್ಟ್ರೆ, ಬರ್ರಿ, ಮುಂದಿನ ಅಂಗಡಿನೂ ನೋಡಾಣ," ಎಂದ.